ಓದಿದ್ದಾರೆ, ಉತ್ತರಿಸಿಲ್ಲ

ಯಾವ ಆ್ಯಪ್ ಒಳ್ಳೆಯದು ಎಂಬ ಚರ್ಚೆ ಈಗ ನಮ್ಮ ಮನೆಯಲ್ಲೂ ನಡೆಯುತ್ತದೆ. ಮೊದಲೆಲ್ಲ ಊಟಕ್ಕೆ ಕೂತರೆ ಸಾರಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಮಾತು ಬೆಳೆಯುತ್ತಿತ್ತು; ಈಗ ಹಸಿರು ಬಣ್ಣದ್ದು ಮೇಲೋ ನೀಲಿ ಬಣ್ಣದ್ದು ಮೇಲೋ ಎಂದು ಬೆಳೆಯುತ್ತದೆ. ಊರಿನ ಎಲ್ಲರೂ ಅದರಲ್ಲೇ ಇದ್ದಾರಲ್ಲ ಎನ್ನುವುದು ಹಸಿರು ಪಕ್ಷದವರ ವಾದ. ದೊಡ್ಡ ಫೈಲು ಹೋಗುತ್ತದೆ, ಕಳಿಸಿದ್ದನ್ನು ಎರಡೂ ಕಡೆ ಅಳಿಸಬಹುದು ಎನ್ನುವುದು ನೀಲಿಯವರದು. ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಜನ ಹೇಳುವ ಕಾರಣವೇ ಅವರ ನಿಜವಾದ ಕಾರಣ ಎಂದು ಒಪ್ಪುವ ಅಭ್ಯಾಸ ನನಗಿಲ್ಲ. ನನ್ನದೇ ಕಾರಣಗಳನ್ನೂ ನಾನು ನಂಬುವುದಿಲ್ಲ. ಅದಕ್ಕಿಂತ ದೊಡ್ಡ ಕಾಯಿಲೆಯೆಂದರೆ ನನಗೆ ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲ. ಬಾಗಿಲಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ವಾಪಸು ಬಂದು ಬೀಗ ಜಗ್ಗಿ ನೋಡುತ್ತೇನೆ. ಮತ್ತೆ ತಿರುವಿಗೆ ಬಂದಾಗ, ಜಗ್ಗಿದ್ದು ಇವತ್ತೋ ನಿನ್ನೆಯೋ ಎಂಬ ಅನುಮಾನ. ಆದ್ದರಿಂದ ಮುಂದೆ ನಾನು ಹೇಳುವುದನ್ನೂ ಓದುಗರು ಒಮ್ಮೆ ಜಗ್ಗಿ ನೋಡಿಯೇ ನಂಬುವುದು ಒಳ್ಳೆಯದು.

ಬಳ್ಳಾರಿಯಲ್ಲಿ ಗಣಿ ಜೋರಾಗಿದ್ದ ವರ್ಷಗಳವು. ಹಗಲೂ ರಾತ್ರಿ ಅದಿರಿನ ಲಾರಿಗಳು ಓಡುತ್ತಿದ್ದವು. ಒಗೆದು ಹಾಕಿದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕಾವಿಯಾಗಿ, ನಾನು ಸನ್ಯಾಸ ತೆಗೆದುಕೊಳ್ಳುವ ಮೊದಲೇ ಅದು ತೆಗೆದುಕೊಂಡುಬಿಡುತ್ತಿತ್ತು. ಆಗ ಆ್ಯಪ್ ಎಂಬ ಮಾತೇ ನಮಗೆ ಗೊತ್ತಿರಲಿಲ್ಲ. ಆದರೆ ಆಯ್ಕೆ ಈಗಿನಷ್ಟೇ ಕಷ್ಟದ್ದಾಗಿತ್ತು. ಎಲ್ಲಕ್ಕಿಂತ ಸರಳವಾದದ್ದು ಮಿಸ್ಡ್ ಕಾಲ್. ನನ್ನ ಹೆಂಡತಿ ಸುಮಂಗಲಾ ಅದರಲ್ಲಿ ಪಂಡಿತೆ. ಒಂದು ಸಲ ಬಾರಿಸಿ ಸುಮ್ಮನಾದರೆ ಬರುವಾಗ ಹಾಲು ತರಬೇಕು. ಮತ್ತೆ ಬಾರಿಸಿದರೆ ನೆಂಟರು ಬಂದಿದ್ದಾರೆ, ಬೇಗ ಬರಬೇಕು. ಬಿಡದೆ ಬಾರಿಸಿದರೆ ಮಾತ್ರ ಎತ್ತಬೇಕು. ನಾನು ಯೋಚನೆಯಲ್ಲಿ ಮುಳುಗಿ ಮೊದಲ ಗಂಟೆಗೇ ಎತ್ತಿಬಿಟ್ಟರೆ, ಆ ಕಡೆಯಿಂದ ಹಲೋ ಬದಲು, “ಎತ್ತಾಕ ಯಾರ್ ಹೇಳಿದ್ರು ನಿಮಗ?” ಎಂದು ಕೇಳಿಬರುತ್ತಿತ್ತು. ನನಗೆ ಇದು ಸರಿಬರುತ್ತಿರಲಿಲ್ಲ. ಬಂದದ್ದು ಹಾಲಿನ ಗಂಟೆಯೋ ನೆಂಟರ ಗಂಟೆಯೋ ಎಂಬುದು ಮನೆ ಮುಟ್ಟುವಷ್ಟರಲ್ಲಿ ಮರೆತು, ನೆಂಟರಿಲ್ಲದ ಮನೆಗೆ ಓಡೋಡಿ ಬಂದು, ಹಾಲು ತರಲು ಮತ್ತೆ ಓಡಬೇಕಾಗುತ್ತಿತ್ತು. ಎಸ್ಸೆಮ್ಮೆಸ್ಸು ವಾಸಿ, ಬರಹದಲ್ಲಿರುತ್ತದೆ. ಆದರೆ ಕಳಿಸಿದ್ದು ತಲುಪಿತೋ ಇಲ್ಲವೋ ಎಂಬ ಚಿಂತೆ ಶುರುವಾದರೆ, ತಲುಪಿತೇ ಎಂದು ಕೇಳಲು ಇನ್ನೊಂದು ಎಸ್ಸೆಮ್ಮೆಸ್ಸು.

ಈ ಸಂಕಟವನ್ನು ಬ್ರೂಸ್‌ಪೇಟೆಯ ಖಾಜಾನ ಹತ್ತಿರ ತೋಡಿಕೊಂಡೆ. ಖಾಜಾ ಹಳೆಯ ಮೊಬೈಲುಗಳನ್ನು ಕೊಂಡು ಮಾರುವವನು. ಅಂಗಡಿಯಲ್ಲಿ ಕೂತು ಹಲ್ಲುಜ್ಜುವ ಬ್ರಷ್ಷಿನಿಂದ ಫೋನುಗಳ ಕೀಲಿಗಳ ಸಂದಿಯಲ್ಲಿ ಸೇರಿದ ಕೆಂಪು ಧೂಳನ್ನು ತೆಗೆಯುತ್ತಿರುತ್ತಿದ್ದ. ಆಗ ಲಾರಿ ಮಾಲೀಕರು, ಕಂಟ್ರಾಕ್ಟರುಗಳ ಕೈಯಲ್ಲೆಲ್ಲ ಕರಿ ಬಣ್ಣದ, ಮೈತುಂಬ ಕೀಲಿಗಳಿದ್ದ ದುಬಾರಿ ಫೋನೊಂದು ಬಂದಿತ್ತು. ಹೊಸ ಮಾದರಿ ಬಂದ ಕೂಡಲೇ ಅವರು ಹಳೆಯದನ್ನು ಖಾಜಾನಿಗೆ ಎಸೆದುಹೋಗುತ್ತಿದ್ದರು. ಆ ಫೋನಿಗೆ ಅದರದೇ ಸಂದೇಶದ ಏರ್ಪಾಡು. ನಂಬರ್ ಬೇಡ, ಪಿನ್ ಎಂಬ ಗುಟ್ಟಿನ ಸಂಖ್ಯೆಯಿದ್ದರೆ ಸಾಕು. ಕಳಿಸಿದ ಮಾತು ಆ ಕಡೆ ಮುಟ್ಟಿದರೆ ಪಕ್ಕದಲ್ಲಿ ‘ಡಿ’ ಎಂಬ ಅಕ್ಷರ, ಅವರು ತೆರೆದು ಓದಿದರೆ ‘ಆರ್’. ನನಗೆ ಬೇಕಾದದ್ದೇ ಇದು. “ನಿಮಗ ಇದ ಸರಿ ಬಿಡ್ರಿ ಸರ್ರ,” ಎಂದ ಖಾಜಾ. “ಮನಿ ಮಂದಿ ಮ್ಯಾಲ ನಂಬಿಕಿ ಇದ್ದೋರು ಮಿಸ್ಡ್ ಕಾಲ್ ಕೊಡ್ತಾರ. ಅನುಮಾನ ಇದ್ದೋರು ಇದನ್ನ ಒಯ್ತಾರ.” ಮಿಸ್ಡ್ ಕಾಲಿಗೆ ಸಾವಿಲ್ಲ, ಉಳಿದದ್ದೆಲ್ಲ ಹೋಗುತ್ತದೆ ಎಂದೂ ಭವಿಷ್ಯ ಹೇಳಿದ. ನಾನು ಕರಿ ಫೋನು ಕೊಂಡು ಮನೆಗೆ ಬಂದೆ. ಅದನ್ನು ನೋಡಿ ಸುಮಂಗಲಾ, ಲಾರಿ ಎಲ್ಲಿ ನಿಲ್ಲಿಸಿದಿರಿ ಎಂದು ಕೇಳಿದಳು. ಕೊಂಡ ಮೇಲೆ ಗೊತ್ತಾಯಿತು, ಆ ಸಂದೇಶ ಹೋಗುವುದು ಅಂಥದೇ ಇನ್ನೊಂದು ಫೋನಿಗೆ ಮಾತ್ರ; ಆ ಫೋನಿದ್ದವರು ನನ್ನ ಬಳಗದಲ್ಲಿ ಒಬ್ಬರೂ ಇರಲಿಲ್ಲ. ನನ್ನ ಮಾತನ್ನು ಓದಿ ‘ಆರ್’ ಎನ್ನಲು ಜಗತ್ತಿನಲ್ಲಿ ಯಾರೂ ಇಲ್ಲದೆ ಕೆಲವು ವಾರ ಅದು ಜೇಬಿನಲ್ಲಿ ಸುಮ್ಮನೆ ಭಾರವಾಗಿತ್ತು.

ಸಿರುಗುಪ್ಪದಲ್ಲಿ ನನ್ನ ಅಕ್ಕ ಗೌರಕ್ಕ ಇದ್ದಾಳೆ. ಭಾವ ತೀರಿಕೊಂಡ ಮೇಲೆ ಮಗಳು ವಿಜಯಾಳ ಮದುವೆಯ ಅರ್ಧ ಹೊಣೆ ಸೋದರಮಾವನಾದ ನನ್ನದಾಗಿತ್ತು. ವಿಜಯಾ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಹಿಂದೆ ಬಂದಿದ್ದ ಸಂಬಂಧಗಳೆಲ್ಲ, ಉಪ್ಪಿಟ್ಟು ತಿಂದು, ಚಹಾ ಕುಡಿದು, “ಹೇಳಿ ಕಳಿಸ್ತೀವಿ” ಎಂದು ಎದ್ದುಹೋಗಿ ಅಲ್ಲಿಗೇ ಮುಗಿದಿದ್ದವು. ಪ್ರತಿ ಸಲವೂ ಅಕ್ಕ ಕಪ್ಪು ಬಸಿಗಳನ್ನು ತೊಳೆದು ಒಳಗಿಡಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದಳು. ಈ ಸಲ ಬಂದವರು ಕುರುಗೋಡಿನವರು. ಹುಡುಗ ಚನ್ನಬಸವ. ಮನೆಯವರು ಗಣಿ ಕೆಲಸಕ್ಕೆ ಲಾರಿ ಬಿಟ್ಟಿದ್ದರು, ಅವನೇ ನೋಡಿಕೊಳ್ಳುತ್ತಿದ್ದ. ಕಡಿಮೆ ಮಾತಿನವನು. ವಿಜಯಾ ಚಹಾ ಕೊಟ್ಟಾಗ ಬಸಿಯನ್ನು ಬಿಟ್ಟು ಕಪ್ಪನ್ನಷ್ಟೇ ತೆಗೆದುಕೊಂಡು ಬೆರಳು ಸುಟ್ಟುಕೊಂಡ. ಅವನು ಬಾಯಿ ಬಿಟ್ಟದ್ದು ನನ್ನ ಜೇಬಿನಲ್ಲಿ ಕರಿ ಫೋನು ಕಂಡಾಗ. ಅವನದೂ ಅದೇ. ಇಬ್ಬರೂ ಖುಷಿಯಿಂದ ಪಿನ್ ಬದಲಾಯಿಸಿಕೊಂಡೆವು. ಹೊರಡುವಾಗ ಅವನ ತಂದೆ ಚಪ್ಪಲಿ ಮೆಟ್ಟುತ್ತ, “ಹೇಳಿ ಕಳಿಸ್ತೀವ್ರಿ” ಎಂದರು. ಅಕ್ಕ ಕಪ್ಪು ಬಸಿ ತೊಳೆಯಲು ಹೋದಳು.

ಒಂದು ವಾರ ಕಳೆದರೂ ಸುದ್ದಿಯಿಲ್ಲ. ಹೀಗೆ ಕತ್ತಲೆಯಲ್ಲಿ ಕೂರುವುದು ವಿಚಾರವಂತರ ಲಕ್ಷಣವಲ್ಲ ಎಂದು ನನಗನಿಸಿತು. ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಚನ್ನಬಸವನಿಗೆ ಒಂದು ಸಂದೇಶ ಬರೆದೆ. ತಮ್ಮ ಮನೆಯವರ ಅಭಿಪ್ರಾಯವನ್ನು ತಿಳಿಸಬೇಕೆಂದೂ, ಹೆಚ್ಚಿನ ಮಾಹಿತಿ ಬೇಕಾದಲ್ಲಿ ನಮ್ಮ ಅಕ್ಕನ ಮನೆಯ ಈ ನಂಬರನ್ನು ಸಂಪರ್ಕಿಸಬಹುದೆಂದೂ, ಅರ್ಜಿಯ ಭಾಷೆಯಲ್ಲಿ. ‘ಡಿ’ ಬಂತು. ಚಹಾ ಮುಗಿಯುವಷ್ಟರಲ್ಲಿ ‘ಆರ್’ ಕೂಡ ಬಂತು. ಜೀವನದಲ್ಲಿ ಮೊದಲ ಸಲ ನನಗೊಂದು ವಿಷಯ ಖಚಿತವಾಗಿ ಗೊತ್ತಿತ್ತು: ಆತ ಓದಿದ್ದಾನೆ. ಉತ್ತರ ಮಾತ್ರ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಎಸ್ಸೆಮ್ಮೆಸ್ಸಾಗಿದ್ದರೆ ಮುಟ್ಟಿಲ್ಲವೇನೋ ಎಂದುಕೊಂಡು ಇರಬಹುದಿತ್ತು. ಈ ಅಕ್ಷರ ಆ ಸೌಕರ್ಯವನ್ನೂ ಕಿತ್ತುಕೊಂಡಿತು. ಪಾಠ ಮಾಡುವಾಗಲೂ ಜೇಬಿನಿಂದ ತೆಗೆದು ಅದನ್ನೇ ನೋಡುತ್ತಿದ್ದೆ. ಓದಿಯೂ ಉತ್ತರಿಸದವನು ಒಲ್ಲೆ ಎಂದಂತೆ, ತರ್ಕ ಸ್ಪಷ್ಟವಿತ್ತು.

ಬೇರೆ ಸಂಬಂಧ ನೋಡೋಣ ಎಂದು ಹೇಳಲು ಸಿರುಗುಪ್ಪಕ್ಕೆ ಹೋದೆ. ‘ಆರ್’ ಅನ್ನು ಅಕ್ಕನ ಮುಂದೆ ಹಿಡಿದು ಅದರ ಅರ್ಥ ವಿವರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, ತೆಗೆದು ಮಡಿಚಿಟ್ಟಳು.

“ನಿನಗ ಕೇಳು ಅಂತ ಯಾರ್ ಹೇಳಿದ್ರು ತಮ್ಮಾ? ಒಲ್ಲೆ ಅನ್ನಾಕ ಯಾರೂ ಬರಂಗಿಲ್ಲ. ಹೂಂ ಅನ್ನಾಕ ಮಂದೀನೇ ಬರ್ತಾರ. ನಡುವ ನಿನ್ನ ಫೋನಿಗೇನು ಕೆಲಸ ಐತಿ?”

ಯಾರೂ ಬರದಿದ್ದರೆ, ಎಂದು ಕೇಳಿದೆ. ಬರದಿದ್ದರೆ ಬರಲಿಲ್ಲ, ನಾಳೆ ಸಂತೆಯಲ್ಲಿ ಸಿಕ್ಕರೆ ಇಬ್ಬರೂ ಆರಾಮ ಇದ್ದೀರಾ ಎಂದು ಮಾತಾಡಬಹುದು, ನೀನು ಕೇಳಿ ಅದನ್ನೂ ಕೆಡಿಸಿದಿ ಎಂದಳು. ಆ ಹೊತ್ತಿಗೆ ಕಿಟಕಿಯಲ್ಲಿಟ್ಟಿದ್ದ ಅವಳ ಫೋನು ಒಂದು ಸಲ ರಿಂಗಾಗಿ ನಿಂತಿತು. ಈಚೆಗೆ ಯಾರೋ ದಿನಾ ಸಂಜೆ ಹೀಗೆ ಮಾಡುತ್ತಾರೆಂದು ಅಕ್ಕ ದೂರಿದಳು. ಯಾರೆಂದು ನಾನು ವಿಚಾರಿಸುತ್ತೇನೆ ಎಂದು ಕೈ ಚಾಚಿದೆ. ಅಷ್ಟರಲ್ಲಿ ಒಳಗಿನಿಂದ ಬಂದ ವಿಜಯಾ ಫೋನನ್ನು ಎತ್ತಿಕೊಂಡು, “ರಾಂಗ್ ನಂಬರ್ ರೀ ಮಾಮ, ನೀವ್ಯಾಕ ತಲಿ ಕೆಡಿಸ್ಕೊಂತೀರಿ,” ಎಂದು ಹೊರಟುಹೋದಳು. ಬಸ್ಸಿಗೆ ಕಳಿಸಲು ಬಂದಾಗ, “ಇನ್ನೊಂದೀಟು ದಿನ ನೋಡ್ರಿ ಮಾಮ, ಅವಸರ ಮಾಡಬ್ಯಾಡ್ರಿ,” ಎಂದಳು. ಎಲ್ಲವನ್ನೂ ಅನುಮಾನಿಸುವ ನಾನು ಅವಳ ರಾಂಗ್ ನಂಬರನ್ನು ಮಾತ್ರ ಅನುಮಾನಿಸಲಿಲ್ಲ.

ಬಸ್ಸಿನಲ್ಲಿ ಕೂತಾಗ ಅಕ್ಕನ ಮೇಲಿನ ಸಿಟ್ಟೆಲ್ಲ ಚನ್ನಬಸವನ ಮೇಲೆ ತಿರುಗಿತು. “ತಮ್ಮ ಮೌನವನ್ನು ನಿರಾಕರಣೆಯೆಂದು ಪರಿಗಣಿಸಿ ಬೇರೆ ಸಂಬಂಧ ನೋಡುತ್ತಿದ್ದೇವೆ” ಎಂದು ಬರೆದೆ. ತೆಕ್ಕಲಕೋಟೆ ದಾಟಿದ ಮೇಲೆ ಸಿಗ್ನಲ್ ಹೋಗಿತ್ತು. ಒತ್ತಿದ ಸಂದೇಶದ ಪಕ್ಕ, ಇನ್ನೂ ಹೋಗಿಲ್ಲವೆಂಬ ಗಡಿಯಾರದ ಗುರುತು ಬಂದು ನಿಂತಿತು. ಆಗ ವಿಜಯಾ ಬಸ್ಸಿನ ಕಿಟಕಿಯ ಕೆಳಗೆ ನಿಂತು ಹೇಳಿದ ಮಾತು ನೆನಪಾಯಿತು. ಗಾಬರಿಯಾಗಿ ಆ ಸಂದೇಶವನ್ನಷ್ಟೇ ಅಲ್ಲ, ಚನ್ನಬಸವನ ಹೆಸರಿನಡಿ ಇದ್ದದ್ದನ್ನೆಲ್ಲ ಅಳಿಸಿಬಿಟ್ಟೆ. ಬಳ್ಳಾರಿಯ ಗುಡ್ಡ ಕಾಣಿಸುವಷ್ಟರಲ್ಲಿ ನನ್ನ ಕಾಯಿಲೆ ಶುರುವಾಯಿತು. ಅಳಿಸುವಾಗ ಪಕ್ಕದಲ್ಲಿದ್ದದ್ದು ಗಡಿಯಾರವೋ, ‘ಡಿ’ಯೋ? ಗಡಿಯಾರ ಎಂದು ಒಮ್ಮೆ, ‘ಡಿ’ ಎಂದು ಒಮ್ಮೆ, ಎರಡೂ ಅಷ್ಟೇ ಸ್ಪಷ್ಟವಾಗಿ ಕಣ್ಣಿಗೆ ಕಟ್ಟುತ್ತಿದ್ದವು. ಬೀಗವಾಗಿದ್ದರೆ ಹೋಗಿ ಜಗ್ಗಬಹುದಿತ್ತು. ಇಲ್ಲಿ ಇದ್ದ ಒಂದೇ ಪುರಾವೆಯನ್ನು ನನ್ನ ಹೆಬ್ಬೆರಳೇ ಒರೆಸಿಹಾಕಿತ್ತು. ಹುಡುಗಿಯ ಮದುವೆ ಮುರಿದದ್ದು ನನ್ನಿಂದಲೋ ಅಲ್ಲವೋ ಎಂಬುದೂ ಗೊತ್ತಾಗದ ಸ್ಥಿತಿ. ಸುಮಂಗಲಾಳಿಗೆ ಏನೂ ಹೇಳದೆ ಫೋನನ್ನು ಖಾಜಾನಿಗೇ ಮಾರಿಬಂದೆ. ಅವನು ಬ್ರಷ್ಷಿನಿಂದ ಅದರ ಧೂಳು ತೆಗೆಯತೊಡಗಿದ.

ಕೆಲವು ದಿನಗಳ ಮೇಲೆ ಅಕ್ಕನ ಫೋನು. ಕುರುಗೋಡಿನವರು ಸೋಮವಾರ ಬರುತ್ತಾರಂತೆ. ಯಾಕಂತೆ, ಎಂದೆ. ಅವಳಿಗೆ ನನ್ನ ಬುದ್ಧಿಯ ಬಗ್ಗೆಯೇ ಸಂಶಯ ಬಂದಿರಬೇಕು. ಜಗಳಕ್ಕೂ ಬರಬಹುದಲ್ಲ ಎಂಬುದು ನನ್ನ ಭಯ. ಬಂದರು, ಕಾಯಿ, ಹಣ್ಣು, ಎಲೆ ಅಡಿಕೆ ಹಿಡಿದು, ಹತ್ತಾರು ಜನ. ಮನೆಯ ಹಿರಿಯರು ಯಾರೋ ಊರಲ್ಲಿಲ್ಲದೆ ತಡವಾಯಿತು ಎಂದರು ಹುಡುಗನ ತಂದೆ. ಇಂಥ ಮಾತಿಗೆ ಹಿರಿಯರೇ ಬರಬೇಕಲ್ಲ, ಹುಡುಗರು ಫೋನಿನಲ್ಲಿ ಹೇಳುವುದು ಚೆಂದವೇ, ಎಂದು ನನ್ನನ್ನೇ ಕೇಳಿದರು. ಅಲ್ಲವೇ ಅಲ್ಲ ಎಂದೆ. ಎಲ್ಲರೂ ವಿಜಯಾಳನ್ನು ನೋಡುತ್ತಿದ್ದರೆ ನಾನು ಚನ್ನಬಸವನ ಮುಖ ನೋಡುತ್ತಿದ್ದೆ. ಎರಡನೆಯ ಸಂದೇಶ ಆ ಮುಖವನ್ನು ಮುಟ್ಟಿದೆಯೋ ಇಲ್ಲವೋ? ಅದರಲ್ಲಿ ಯಾವ ಅಕ್ಷರವೂ ಇರಲಿಲ್ಲ. ಆ ಹೊತ್ತಿಗೆ ಕಿಟಕಿಯಲ್ಲಿದ್ದ ಅಕ್ಕನ ಫೋನು ಒಂದು ಸಲ ರಿಂಗಾಗಿ ನಿಂತಿತು. “ಮತ್ತ ಬಂತು ನೋಡು ಆ ರಾಂಗ್ ನಂಬರು,” ಎಂದಳು ಅಕ್ಕ. ವಿಜಯಾ ತಲೆ ತಗ್ಗಿಸಿ ಸೆರಗಿನ ಅಂಚು ನೋಡತೊಡಗಿದಳು. ಚನ್ನಬಸವನ ಬಲಗೈ ಜೇಬಿನಲ್ಲಿತ್ತು. ನನ್ನ ಅರ್ಜಿಗೆ ಉತ್ತರ ಕೊಡದವನು ಅದರಲ್ಲಿದ್ದ ನಂಬರನ್ನು ಮಾತ್ರ ಚೆನ್ನಾಗಿ ಬಳಸಿಕೊಂಡಿದ್ದ. ಜಿಲ್ಲೆಯಲ್ಲೇ ದುಬಾರಿಯಾದ ಫೋನನ್ನು ಇಟ್ಟುಕೊಂಡು ಹುಡುಗ ದಿನಾ ಸಂಜೆ ಮಿಸ್ಡ್ ಕಾಲ್ ಕೊಡುತ್ತಿದ್ದ. ಅದಕ್ಕೆ ‘ಡಿ’ ಬೇಡ, ‘ಆರ್’ ಬೇಡ. ಯಾರೂ ಎತ್ತದಿದ್ದರೇ ಅದು ಮುಟ್ಟಿದಂತೆ. ಹೊರಡುವಾಗ ನನ್ನ ಹತ್ತಿರ ಬಂದು, “ಆ ಫೋನು ಐತೇನ್ರಿ ಮಾಮ?” ಎಂದ. ಮಾರಿದೆ ಎಂದೆ. “ಚಲೋ ಮಾಡಿದ್ರಿ,” ಎಂದ.

ಆ ಎರಡು ಪದಗಳನ್ನು ನಾನು ಎಷ್ಟು ವರ್ಷ ಬಿಡಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಮದುವೆಯಾಯಿತು. ಗಣಿ ನಿಂತಿತು. ಚನ್ನಬಸವ ಲಾರಿ ಮಾರಿ ಕುರುಗೋಡಿನಲ್ಲಿ ಟೈರ್ ಅಂಗಡಿ ಇಟ್ಟ. ಕರಿ ಫೋನು ಹೋಯಿತು, ಖಾಜಾ ಸಾವಿಲ್ಲವೆಂದಿದ್ದ ಮಿಸ್ಡ್ ಕಾಲೂ ಹೋಯಿತು; ಈಗ ಅವನು ಫೋನುಗಳಿಗೆ ಗಾಜು ಅಂಟಿಸುತ್ತಾನೆ. ವಿಜಯಾಳನ್ನು ಕೇಳಿದರೆ ಅವರನ್ನೇ ಕೇಳಿರಿ ಎಂದು ನಗುತ್ತಾಳೆ. ಈಗಿನ ಆ್ಯಪುಗಳನ್ನೆಲ್ಲ ನಾನು ತೂಗಿ ನೋಡಿದ್ದೇನೆ. ಜನ ಆರಿಸುವುದು ಮಾತು ಬೇಗ ಮುಟ್ಟಿಸುವುದನ್ನಲ್ಲ, ಮುಟ್ಟಿಲ್ಲ ಎನ್ನಲು ಸ್ವಲ್ಪ ಜಾಗ ಬಿಟ್ಟಿರುವುದನ್ನು ಎಂದು ನನಗನಿಸುತ್ತದೆ. ಇದೂ ಅನುಮಾನವೇ. ಹೀಗಿರುವಾಗ ಮೊನ್ನೆ ಧೈರ್ಯ ಮಾಡಿ ನೀಲಿ ಬಣ್ಣದ ಆ್ಯಪಿನಲ್ಲಿ ಚನ್ನಬಸವನಿಗೆ, ಅಂದು ತೆಕ್ಕಲಕೋಟೆಯ ಹತ್ತಿರ ಬಸ್ಸಿನಿಂದ ನಾನು ಬರೆದದ್ದು ನಿನಗೆ ಬಂದಿತ್ತೇ ಎಂದು ಬರೆದು ಕಳಿಸಿದೆ. ಕಳಿಸಿದ ಕೂಡಲೇ ಹೆದರಿಕೆಯಾಗಿ ಎರಡೂ ಕಡೆ ಅಳಿಸಿದೆ. ಆ ಆ್ಯಪನ್ನು ಇಟ್ಟುಕೊಂಡಿರುವುದೇ ಅದಕ್ಕೆ. ಮರುಕ್ಷಣ ಫೋನು ಬಂತು.

“ಮಾಮ, ಏನೋ ಕಳಿಸಿ ಅಳಿಸಿದ್ರಲ್ಲ?”

ಏನಿಲ್ಲಪ್ಪ, ಕೈ ತಾಗಿ ಹೋಗಿತ್ತು ಎಂದೆ. ಆ ಕಡೆ ಅಂಗಡಿಯಲ್ಲಿ ಟೈರಿಗೆ ಗಾಳಿ ತುಂಬುವ ಸದ್ದು.

“ಆವತ್ತು ತೆಕ್ಕಲಕೋಟಿ ಹತ್ರನೂ ಹಿಂಗ ಕೈ ತಾಗಿತ್ತೇನ್ರಿ?”

ನಾನು ತತ್ವಶಾಸ್ತ್ರ ಓದಿದವನು. ಫೋನನ್ನು ಬಾಯಿಂದ ಒಂದಿಷ್ಟು ದೂರ ಹಿಡಿದು, ಸಿಗ್ನಲ್ ಇಲ್ಲಪ್ಪ, ಏನೂ ಕೇಳಿಸುತ್ತಿಲ್ಲ ಎಂದು ಹೇಳಿ ಇಟ್ಟುಬಿಟ್ಟೆ.