ಅನ್ಸೆಲ್ಮು ಬೀಗರಿಗೆ ಕೋಟೆ ತೋರಿಸಿದ್ದು

ಅನ್ಸೆಲ್ಮುವಿಗೆ ಅಮೋಘವಾದ ಯೋಚನೆಗಳು ಹೊಳೆಯುವುದು ಗಡ್ಡ ಕೆರೆದುಕೊಳ್ಳುವಾಗ. ಆ ಬುಧವಾರವೂ ಅಷ್ಟೆ. ಅರ್ಧ ಕೆನ್ನೆಗೆ ನೊರೆ ಬಳಿದುಕೊಂಡೇ ಅಡುಗೆಮನೆಗೆ ನುಗ್ಗಿ ಘೋಷಿಸಿದ.

"ಎರ್ಮೀನಿಯಾ, ಹೊಳೀತು ಕಣೇ ಉಪಾಯ! ಬೀಗರನ್ನ ಒಂದೇ ದಿನದಲ್ಲಿ ಬುಟ್ಟಿಗೆ ಹಾಕ್ಕೋತೀನಿ ನೋಡ್ತಿರು!"

"ಮೆಲ್ಲಗೆ ಮಾತಾಡ್ರೀ, ಪಕ್ಕದ ಕೋಣೇಲೇ ಮಲಗಿದಾರೆ. ನೊರೆ ಸಾರಿಗೆ ಬೀಳ್ತಿದೆ, ದೂರ ನಿಲ್ಲಿ," ಎಂದಳು ಹೆಂಡತಿ.

ಮಗಳು ಲೀದಿಯಾಳ ಮದುವೆ ಗೊತ್ತಾಗಿತ್ತು. ಹುಡುಗನ ವಿಷಯದಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರೆಲ್ಲ ಮದುವೆ ಎಲ್ಲಿ ಆಗಬೇಕೆಂಬುದರಲ್ಲಿ. ಹುಡುಗನ ಮನೆಯವರು ಉತ್ತರದ ರೇಗ್ವಾದವರು, ತಮ್ಮೂರಿನ ಚರ್ಚಿನಲ್ಲೇ ಆಗಬೇಕೆಂದು ಅವರ ಪಟ್ಟು. ಎರ್ಮೀನಿಯಾಳಿಗೆ ಇಲ್ಲಿ ಅಲ್ಮಾದಾದಲ್ಲೇ ಆಗಬೇಕು. ಅವಳ ತಾಯಿಗೆ ತೊಂಬತ್ತೊಂದು ವರ್ಷ, ಸೊಂಟ ಬಿದ್ದುಹೋಗಿದೆ, ಅಷ್ಟು ದೂರದ ಪ್ರಯಾಣ ಆ ಜೀವ ತಡೆಯದು. ಬೀಗರು ಬಂದು ಎರಡು ದಿನವಾದರೂ ಆ ಮಾತು ಮುಂದೆ ಸಾಗಿರಲಿಲ್ಲ. ಎರ್ಮೀನಿಯಾ ಶುರು ಮಾಡಿದಾಗಲೆಲ್ಲ ಬೀಗಿತ್ತಿ ದೆವೊಲಿಂದಾ ಅವಳ ಪರದೆಯ ಬಟ್ಟೆಯನ್ನೋ ಸಾರಿನ ಉಪ್ಪನ್ನೋ ಹೊಗಳಿ ಮಾತು ತಿರುಗಿಸುತ್ತಿದ್ದಳು. ಇನ್ನು ಉಳಿದಿದ್ದು ಇದೊಂದೇ ದಿನ. ಸಂಜೆ ಏಳರ ರೈಲಿಗೆ ಅವರು ಹೊರಡುವವರಿದ್ದರು.

"ಬೆಳಗ್ಗೆ ಪಲ್ಮೆಲಾ ಕೋಟೆ. ಮಧ್ಯಾಹ್ನ ದ್ರಾಕ್ಷಿತೋಟದಲ್ಲಿ ವೈನ್ ರುಚಿ ನೋಡೋದು. ಆಮೇಲೆ ಸಮುದ್ರ," ಎಂದು ಬೆರಳು ಮಡಚಿದ ಅನ್ಸೆಲ್ಮು. "ಈ ಸೀಮೆ ನೋಡಿದ ಮೇಲೆ ಅವರೇ ಕೈಮುಗಿದು 'ಮದುವೆ ಇಲ್ಲೇ ಆಗಲಿ ಬೀಗರೇ' ಅನ್ನಬೇಕು!"

"ಅವರ ಊರೇ ದ್ರಾಕ್ಷಿ ಊರು ಕಣ್ರೀ. ಅವರಿಗೆ ವೈನ್ ತೋರಿಸ್ತೀರಾ?"

"ಕುಡಿಯೋದು ಬೇರೆ, ಆಸ್ವಾದಿಸೋದು ಬೇರೆ. ಕಲಿಸಿಕೊಡೋರು ಬೇಕು," ಎಂದು ಉಳಿದ ಕೆನ್ನೆ ಮುಗಿಸಲು ಹೊರಟ.

ವಾಹನ ಅವನ ಹಳೆಯ ಬಿಳಿ ಕಾರು. ಇಪ್ಪತ್ತೆಂಟು ವರ್ಷದ ಆ ಕಾರಿಗೆ ಅವನು ತನ್ನ ದಿವಂಗತ ತಾಯಿಯ ಹೆಸರಿಟ್ಟಿದ್ದ: ಜೆರ್ತ್ರೂದೆಸ್. (ಮದುವೆಯಾಗಿ ಬಂದಾಗ ತನಗೆ ಒಬ್ಬಳೇ ಅತ್ತೆ, ಆಮೇಲೆ ಇಬ್ಬರಾದರು ಎಂದು ಎರ್ಮೀನಿಯಾ ನೆರೆಯವರಲ್ಲಿ ಹೇಳಿಕೊಳ್ಳುವುದುಂಟು.) ಅವನಲ್ಲದೆ ಬೇರೆ ಯಾರೂ ಅದರ ಸ್ಟಿಯರಿಂಗ್ ಮುಟ್ಟಿದ್ದಿಲ್ಲ.

ಕೋಟೆಯ ಏರು ಹತ್ತುವಷ್ಟರಲ್ಲಿ ಅನ್ಸೆಲ್ಮುವಿನ ಏದುಸಿರು ಗೋಪುರ ಮುಟ್ಟಿತ್ತು. ಆದರೂ ಇತಿಹಾಸ ನಿಲ್ಲಲಿಲ್ಲ. ಯಾವುದೋ ಅಫೋನ್ಸು ದೊರೆಯನ್ನು ನಾನೂರು ವರ್ಷ ಆಳಿಸಿದ. ಒಂದೇ ಮುತ್ತಿಗೆಯನ್ನು ಮೂರು ಸಲ ಗೆಲ್ಲಿಸಿದ. ಬೀಗರು ಬೆಲರ್ಮೀನು ನಿವೃತ್ತ ಅಂಚೆಯಣ್ಣ, ಜೀವಮಾನವೆಲ್ಲ ಬೆಟ್ಟ ಹತ್ತಿ ಕಾಗದ ಹಂಚಿದವರು. ಅವರಿಗೆ ಈ ಏರು ಏನೇನೂ ಅಲ್ಲ. ಆದರೆ ಹೆಸರಿನಲ್ಲಿರುವ ಮೀನಿನಷ್ಟೇ ಮೌನಿ. ಬಿಟ್ಟ ಕಣ್ಣು ಬಿಟ್ಟ ಹಾಗೇ ಕೇಳುತ್ತ ನಿಂತಿದ್ದರು.

"ಹೇಗಿದೆ ಬೀಗರೇ, ನೋಟ?"

"ಗಾಳಿ ಜಾಸ್ತಿ," ಎಂದು ಟೋಪಿ ಹಿಡಿದುಕೊಂಡರು ಬೆಲರ್ಮೀನು. ಆ ಬೆಳಗಿನಲ್ಲಿ ಅವರಾಡಿದ್ದು ಅಷ್ಟೇ.

ನಿಜವಾದ ಕದನ ನಡೆದದ್ದು ದ್ರಾಕ್ಷಿತೋಟದ ತಣ್ಣನೆಯ ಉಗ್ರಾಣದಲ್ಲಿ. ಮೇಜಿನ ಮೇಲೆ ಒಬ್ಬೊಬ್ಬರ ಮುಂದೆ ಆರಾರು ಲೋಟ, ನಡುವೆ ಕುರಿಹಾಲಿನ ಚೀಸು, ಪಕ್ಕದಲ್ಲೊಂದು ತಾಮ್ರದ ಬಕೆಟ್ಟು. ರುಚಿ ನೋಡಿ ಬಕೆಟ್ಟಿಗೆ ಉಗುಳಬಹುದು ಎಂದಳು ತೋಟದ ಹುಡುಗಿ.

"ಉಗುಳೋದೇ? ದೇವರ ಪ್ರಸಾದವನ್ನ!" ಎಂದು ಅನ್ಸೆಲ್ಮು ಹೌಹಾರಿದ. ಲೋಟ ಅಲ್ಲಾಡಿಸಿ, ಮೂಗನ್ನು ಅದರೊಳಗೆ ಮುಳುಗಿಸಿ, ಕಣ್ಮುಚ್ಚಿ ನುಡಿದ: "ಒಣ ಅಂಜೂರ... ಹಳೇ ಚರ್ಮದ ಪೆಟ್ಟಿಗೆ... ಆಮೇಲೆ ಏನೋ ಒಂದು ವಿಷಾದ..."

"ವಿಷಾದಕ್ಕೆ ವಾಸನೆ ಇರುತ್ತೇನ್ರೀ?" ಎಂದಳು ಎರ್ಮೀನಿಯಾ.

"ನಮ್ಮ ಹಿತ್ತಲ ವೈನಿನಲ್ಲಿ ದ್ರಾಕ್ಷಿ ವಾಸನೆ ಬರುತ್ತಪ್ಪ," ಎಂದು ದೆವೊಲಿಂದಾ ಒಂದು ಗುಟುಕು ಹೀರಿ ಉಳಿದದ್ದನ್ನು ಅನ್ಸೆಲ್ಮುವಿನತ್ತ ಸರಿಸಿದಳು. ಬೆಲರ್ಮೀನು ಹೊಟ್ಟೆಹುಣ್ಣಿನವರು, ವೈದ್ಯರ ಅಪ್ಪಣೆ ಎಂದು ಸನ್ನೆ ಮಾಡಿ ತಮ್ಮ ಪಾಲನ್ನೂ ಸರಿಸಿದರು. ಎರ್ಮೀನಿಯಾ ಯಾಕೋ ತನ್ನ ಲೋಟಗಳನ್ನು ಮೂಸಿಯೂ ನೋಡಲಿಲ್ಲ. ಪ್ರಸಾದ ಹಾಳಾಗಬಾರದಲ್ಲ? ನಾಲ್ವರ ಇಪ್ಪತ್ತನಾಲ್ಕು ಲೋಟಗಳ ಹೊಣೆಯನ್ನು ಅನ್ಸೆಲ್ಮು ಒಬ್ಬನೇ ಹೊತ್ತ. ಕೊನೆಯಲ್ಲಿ ಬಂದದ್ದು ಜೇನಿನಂಥ ಸಿಹಿ ಮೊಸ್ಕತೆಲ್ ವೈನು. ಅದರಲ್ಲಿ ಅವನಿಗೆ ಕಿತ್ತಳೆ ಹೂವಿನ ಜೊತೆಗೆ ತನ್ನ ಬಾಲ್ಯವೂ ಕಾಣಿಸಿ, ಬೀಗರ ಹೆಗಲ ಮೇಲೆ ತಲೆಯಿಟ್ಟು ಎರಡು ಹನಿ ಕಣ್ಣೀರಿಟ್ಟ.

ಹೊರಗೆ ಬಂದಾಗ ಗಂಟೆ ಮೂರು. ಅನ್ಸೆಲ್ಮು ಕೀಲಿಕೈ ಹಿಡಿದು ಗಂಭೀರವಾಗಿ ನಡೆದು, ಕಾರಿನ ಬಾಗಿಲು ತೆರೆಯಲು ಹೆಣಗಾಡಿದ. "ಅಮ್ಮ ಮುನಿಸಿಕೊಂಡಿದಾಳೆ," ಎಂದು ಬಾಗಿಲನ್ನು ಸವರಿ ಸಮಾಧಾನ ಮಾಡತೊಡಗಿದ. ಕಾರು ಕೆಂಪಗಿತ್ತು, ಒಳಗೆ ಯಾರದೋ ನಾಯಿ ಬೊಗಳುತ್ತಿತ್ತು.

ದೆವೊಲಿಂದಾ ಗಡಿಯಾರ ನೋಡಿಕೊಂಡಳು. "ನಮ್ಮವರಿಗೆ ಸೈಕಲ್ ಕೂಡ ಬರಲ್ಲ. ರೈಲಿನ ಗತಿ?"

ಎರ್ಮೀನಿಯಾ ಗಂಡನ ಮುಂದೆ ಕೈ ಚಾಚಿದಳು. "ಕೀ ಕೊಡಿ ಇಲ್ಲಿ."

"ಯಾಕೆ? ಡಿಕ್ಕಿಯಿಂದ ಏನಾದ್ರೂ ತೆಗೀಬೇಕಾ?"

"ಇಲ್ಲ. ಓಡಿಸಬೇಕು."

ಕೈಚೀಲದಲ್ಲಿ ಜಪಮಾಲೆಗೂ ಕರವಸ್ತ್ರಕ್ಕೂ ನಡುವಿನಿಂದ ಅವಳು ತೆಗೆದ ಲೈಸೆನ್ಸನ್ನು ಅನ್ಸೆಲ್ಮು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. ಹೆಸರು ಅವಳದೇ. ಫೋಟೋದಲ್ಲಿದ್ದವಳೂ ಅವಳೇ, ನಗುತ್ತಿದ್ದಳು.

"ಯಾವಾಗ ಕಲ್ತೆ?"

"ಸೋಮವಾರ ಸೋಮವಾರ ಚರ್ಚಿಗೆ ಹೂ ಜೋಡಿಸೋಕೆ ಹೋಗ್ತಿದ್ನಲ್ಲ, ಆಗ. ಹೂ ಜೋಡಿಸೋಕೆ ಎಷ್ಟು ಹೊತ್ತು ಬೇಕು? ಎರಡು ಸಲ ಫೇಲಾದೆ, ಮೂರನೇ ಸಲ ಪಾಸು. ಪಾದ್ರಿಗಳೇ ಮೇಣದಬತ್ತಿ ಹಚ್ಚಿದ್ರು."

"ಪಾದ್ರಿಗೆ ಗೊತ್ತು, ಗಂಡನಿಗೆ ಗೊತ್ತಿಲ್ಲ! ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕಲಿಸೋಕೆ ಬರ್ತಿದ್ರಿ."

ದೆವೊಲಿಂದಾ ಬಾಯಿಗೆ ಸೆರಗಿಲ್ಲದ್ದರಿಂದ ಗಂಡನ ಟೋಪಿ ಅಡ್ಡ ಹಿಡಿದು ನಕ್ಕಳು. ಮರುಕ್ಷಣ ಮುಂದಿನ ಸೀಟು ಹತ್ತಿ ಕೂತೇಬಿಟ್ಟಳು.

ಮನೆಗೆ ಮರಳುವ ಬೆಟ್ಟದ ಅಂಚಿನ ದಾರಿ ಹಾವಿನಂತೆ ಸುತ್ತುತ್ತಿತ್ತು. ಕೆಳಗೆ ಕಡಿದಾದ ಬಂಡೆ, ಅದರಡಿಯಲ್ಲಿ ಹಸಿರು ಸಮುದ್ರ. ಅನ್ಸೆಲ್ಮು ಹಿಂದಿನ ಸೀಟಿನಲ್ಲಿ ಒಂದು ಕೈಯಲ್ಲಿ ಬಾಗಿಲನ್ನೂ ಇನ್ನೊಂದರಲ್ಲಿ ಬೀಗರ ತೊಡೆಯನ್ನೂ ಹಿಡಿದುಕೊಂಡು ಆಜ್ಞೆ ಕೊಡುತ್ತಿದ್ದ. "ಗೇರ್ ಇಳಿಸು! ತಿರುವು, ತಿರುವು! ಅಯ್ಯೋ, ಅಮ್ಮನ ಹೊಟ್ಟೆ ಉಜ್ಜುತ್ತೆ ಕಣೇ!" ಮಾತಿಗೊಮ್ಮೆ ಬಲಗಾಲಿನಿಂದ ಕಾರಿನ ನೆಲವನ್ನು ತುಳಿಯುತ್ತಿದ್ದ.

ಬೆಲರ್ಮೀನು ಬಹಳ ಹೊತ್ತು ಆ ಕಾಲನ್ನೇ ನೋಡಿದರು. ಆಮೇಲೆ ಮೃದುವಾಗಿ ಹೇಳಿದರು: "ಅಲ್ಲಿ ಬ್ರೇಕ್ ಇಲ್ಲ ಬೀಗರೇ."

ಸೆಜಿಂಬ್ರಾದ ಕೋಟೆ ಎದುರಿಗೆ ಕಾಣುವ ಕಡೆ ಎರ್ಮೀನಿಯಾ ಕಾರು ನಿಲ್ಲಿಸಿದಳು, ಒಂದು ಜರ್ಕೂ ಇಲ್ಲದೆ. ಬಿಸಿಲು ನೀರಿನ ಮೇಲೆ ಹೊಳೆಯುತ್ತಿತ್ತು. ದೆವೊಲಿಂದಾ ಕೋಟೆಯನ್ನೂ ನೋಡಲಿಲ್ಲ, ಸಮುದ್ರವನ್ನೂ ನೋಡಲಿಲ್ಲ. ಸ್ಟಿಯರಿಂಗಿನ ಮೇಲಿದ್ದ ಎರ್ಮೀನಿಯಾಳ ಕೈಗಳನ್ನು ನೋಡುತ್ತಿದ್ದಳು.

"ಈ ವಯಸ್ಸಲ್ಲಿ ಯಾಕೆ ಕಲಿತ್ರಿ?"

"ನನ್ನಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಿತ್ತು. ಮಳೆ ಬಂದ್ರೆ ಇವರು ಕಾರು ಹೊರಗೆ ತೆಗೆಯಲ್ಲ, ಕೊಳೆಯಾಗುತ್ತೆ ಅಂತ. ಒಂದು ದಿನ ಅಮ್ಮ ಬಸ್ ಸ್ಟಾಪಲ್ಲಿ ನೆಂದು ನಡುಗಿಬಿಟ್ಟಳು. ಅವತ್ತೇ ಸೇರ್ಕೊಂಡೆ." ಸ್ವಲ್ಪ ತಡೆದು ಹೇಳಿದಳು: "ಚರ್ಚಿಗೆ ಹತ್ತು ನಿಮಿಷ ಆದ್ರೆ ಕರ್ಕೊಂಡು ಹೋಗಬಲ್ಲೆ. ರೇಗ್ವಾ ತನಕ ಆಗಲ್ಲ ಬೀಗಿತ್ತಿ. ಆ ಜೀವ ಮೊಮ್ಮಗಳ ಮದುವೆ ನೋಡಬೇಕು ಅಂತ ಕಾಯ್ತಿದೆ."

ಹಿಂದಿನ ಸೀಟಿನಲ್ಲಿ ಅನ್ಸೆಲ್ಮುವಿನ ಕಾಲು ತುಳಿಯುವುದನ್ನು ಮರೆಯಿತು.

"ಇಷ್ಟು ಮಾತು ಮೊದಲೇ ಹೇಳೋದಲ್ವಾ?" ಎಂದಳು ದೆವೊಲಿಂದಾ. "ನಾನು ಕೇಳಿಸ್ಕೊಳ್ಳಲಿಲ್ಲ ಅನ್ನಿ. ಆಗಲಿ. ಮದುವೆ ಇಲ್ಲೇ ನಡೀಲಿ."

ಅನ್ಸೆಲ್ಮು ಎದೆಯುಬ್ಬಿಸಿದ. ಹಾಗಾದರೆ ಕೋಟೆ, ವೈನು, ಸಮುದ್ರ ಯಾವುದೂ ವ್ಯರ್ಥವಾಗಲಿಲ್ಲ!

"ಆದರೆ ಒಂದು ಷರತ್ತು," ಎಂದಳು ಬೀಗಿತ್ತಿ. "ಮದುವೆಗೆ ಒಂದು ತಿಂಗಳು ಮೊದಲೇ ಬಂದು ನಿಮ್ಮನೇಲಿ ಇರ್ತೀನಿ. ನನಗೂ ಓಡಿಸೋದು ಕಲಿಸಬೇಕು. ಇದೇ ಕಾರಲ್ಲಿ. ಮೂವತ್ತೆಂಟು ವರ್ಷ ಇವರ ಜೊತೆ ನಡೆದೂ ನಡೆದೂ ಸಾಕಾಗಿದೆ."

ತಾಯಿಯ ಮಾನ ಕಾಪಾಡಲು ಅನ್ಸೆಲ್ಮು ಎದ್ದು ಕೂತು, ಶಕ್ತಿಯನ್ನೆಲ್ಲ ಒಗ್ಗೂಡಿಸಿ ಬಾಯಿ ತೆರೆದ. ಬಂದದ್ದು ಒಂದು ಬಿಕ್ಕಳಿಕೆ.

"ಒಪ್ಪಿದ್ರು," ಎಂದರು ಬೆಲರ್ಮೀನು.