ಗ್ಯಾರೇಜು ಬಾಗಿಲೂ ನನ್ನ ಬಾಹುಬಲವೂ

ಮನುಷ್ಯನಾದವನು ಯಾರನ್ನು ಬೇಕಾದರೂ ಅನುಮಾನಿಸಬಹುದು. ಹಾಲು ಹಾಕುವವನನ್ನು, ಹವಾಮಾನ ವರದಿಯನ್ನು, ಎದುರುಮನೆಯವರ ನಗುವನ್ನು. ಆದರೆ ಸ್ವಂತ ತೋಳುಗಳ ಮೇಲೆಯೇ ಅನುಮಾನ ಬರುವ ಪಾಡು ನನ್ನ ಶತ್ರುವಿಗೂ ಬೇಡ. (ಶತ್ರುಗಳ ಪಟ್ಟಿಯೊಂದು ನನ್ನಲ್ಲಿದೆ, ಆಗಾಗ ಸೇರಿಸುತ್ತಿರುತ್ತೇನೆ, ತೆಗೆದದ್ದು ಕಡಿಮೆ.)

ನಾನು ಛತ್ರಿ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಕ. ದಿನಕ್ಕೆ ನಾನೂರು ಛತ್ರಿಗಳನ್ನು ಬಿಚ್ಚಿ, ಮಡಚಿ, ‘ಇದು ಕೈಕೊಡುವ ಜಾತಿಯೇ’ ಎಂಬ ದೃಷ್ಟಿಯಿಂದ ನೋಡುವುದು ನನ್ನ ಉದ್ಯೋಗ. ಸಂಜೆ ಮನೆಗೆ ಬಂದ ಮೇಲೆ ಅಂಗಿ ಕಳಚಬಹುದು, ದೃಷ್ಟಿ ಕಳಚಲಾಗುವುದಿಲ್ಲ. ಹೋದ ವರ್ಷ ವಾಷಿಂಗ್ ಮೆಷಿನ್ ರಿಪೇರಿಗೆ ಬಂದವನು ಹೊರಟಾಗ ನನ್ನ ಲೆಕ್ಕಕ್ಕೆ ಒಂದು ಸ್ಕ್ರೂ ಕಡಿಮೆ ಬಂತು. ಜೇಬು ತೋರಿಸು ಎಂದೆ. ತೋರಿಸಿದ. ಸ್ಕ್ರೂ ನನ್ನ ಚಪ್ಪಲಿಯ ಅಡಿಯಲ್ಲಿ ಸಿಕ್ಕಿತು. ಅಂದಿನಿಂದ ಊರಿನ ಯಾವ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ನಮ್ಮ ವಿಳಾಸ ಹೇಳಿದರೂ “ಈ ತಿಂಗಳು ಪುರುಸೊತ್ತಿಲ್ಲ ಸಾರ್” ಎಂಬ ಉತ್ತರ.

ನಮ್ಮ ಮನೆ ಕಡಲಿಗೆ ಕೂಗಳತೆಯ ದೂರದಲ್ಲಿದೆ. ಡಬ್ಬಿಯಲ್ಲಿಟ್ಟ ಉಪ್ಪು ತಾನಾಗಿ ನೀರಾಗುತ್ತದೆ, ಬೀರುವಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು ಬರುತ್ತದೆ. ಅಂಥ ಗಾಳಿಯಲ್ಲಿ ನಮ್ಮ ಗ್ಯಾರೇಜಿನ ಬಾಗಿಲು ಹನ್ನೊಂದು ವರ್ಷ ನಿಂತಿತ್ತು. ಮೇಲಕ್ಕೆ ಎತ್ತಿದರೆ ಸೂರಿನ ಕೆಳಗೆ ಸರಿದು ಅಡ್ಡ ಮಲಗುವ ದೊಡ್ಡ ಬಾಗಿಲು. ಅದರ ಭಾರ ಹೊರುವುದಕ್ಕೆ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಸ್ಪ್ರಿಂಗು. ತಿಂಗಳಿಂದೀಚೆಗೆ ಈ ಬಾಗಿಲು ದಿನೇದಿನೇ ಭಾರವಾಗತೊಡಗಿತು. ಬೆಳಗ್ಗೆ ಕಾರು ತೆಗೆಯುವ ಹೊತ್ತಿಗೆ ನನ್ನ ಇಸ್ತ್ರಿ ಅಂಗಿ ಹಿಂಡುವ ಹಾಗೆ ಆಗಿರುತ್ತಿತ್ತು.

“ರೀ, ಸ್ಪ್ರಿಂಗು ಸವೆದಿದೆ. ತುಕ್ಕು ಉದುರ್ತಾ ಇದೆ ನೋಡಿ. ಯಾರನ್ನಾದ್ರೂ ಕರೆಸಿ,” ಎಂದಳು ನನ್ನವಳು.

“ಸ್ಪ್ರಿಂಗಿನ ವಿಷಯ ನನಗೆ ಹೇಳ್ಬೇಡ. ದಿನಕ್ಕೆ ನಾನೂರು ಸ್ಪ್ರಿಂಗು ನೋಡೋನು ನಾನು.”

“ಅದು ಛತ್ರೀದು ಕಣ್ರೀ. ಇದು ಬಾಗಿಲಿಂದು.”

“ಸ್ಪ್ರಿಂಗು ಅಂದ್ರೆ ಸ್ಪ್ರಿಂಗೇ!”

ಸ್ಟೂಲು ಹತ್ತಿ ಎರಡನ್ನೂ ಬೆರಳಿನಿಂದ ತಟ್ಟಿದೆ. ಕಣ್ಣಿಗೆ ಒಂದಿಷ್ಟು ಕೆಂಪು ಪುಡಿ ಬಿತ್ತು. ಒರೆಸಿಕೊಂಡು ಇಳಿದು, “ಪಾಸ್,” ಎಂದು ತೀರ್ಪಿತ್ತೆ. “ತುಕ್ಕಲ್ಲ ಅದು. ಬಣ್ಣವೇ ಹಾಗೆ.”

“ಸ್ಪ್ರಿಂಗು ಸರಿಯಿದ್ರೆ ಬಾಗಿಲು ಯಾಕೆ ಏಳಲ್ಲ? ಸವೆದಿರೋದು ಇನ್ನೇನೋ ಇರಬೇಕು,” ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಹೋದಳು.

ಆ ನೋಟ ನನ್ನ ಎದೆಗೆ ನಾಟಿತು. ತೀರ್ಪು ವಾಪಸು ತೆಗೆದುಕೊಳ್ಳುವ ಪದ್ಧತಿ ನಮ್ಮ ವೃತ್ತಿಯಲ್ಲಿಲ್ಲ. ಸ್ಪ್ರಿಂಗು ಪಾಸಾಗಿದೆ ಅಂದಮೇಲೆ ಫೇಲಾದದ್ದು ನನ್ನ ತೋಳೇ ಸೈ. ಮರುದಿನದಿಂದ ಗುಟ್ಟಾಗಿ ಮಾಳಿಗೆ ಹತ್ತಿ, ಎರಡು ಬಕೆಟ್ ನೀರು ತುಂಬಿಸಿ, ಎತ್ತಿ ಇಳಿಸಿ ಭುಜಬಲ ಸಾಧನೆ ಆರಂಭಿಸಿದೆ.

“ಬೆಳಬೆಳಗ್ಗೆ ಮಾಳಿಗೆ ಮೇಲೇನ್ರೀ ಕೆಲಸ?”

“ಗಿಡಕ್ಕೆ ನೀರು ಹಾಕ್ತಿದ್ದೆ.”

“ಯಾವ ಗಿಡಕ್ಕೆ?”

ಮಾಳಿಗೆಯ ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲವೆಂಬುದು ನನಗೆ ಆಮೇಲೆ ಹೊಳೆಯಿತು.

ಹತ್ತನೆಯ ದಿನ ಬಕೆಟ್ಟಿಳಿಸಿ ಮೆಟ್ಟಿಲಿಳಿಯುತ್ತಿದ್ದೆ. ಅಡುಗೆಮನೆಯಿಂದ ಅವಳ ಪಿಸುದನಿ. ಫೋನಿನಲ್ಲಿದ್ದಳು. ನಾನು ಅಲ್ಲೇ ಒಂಟಿಕಾಲಿನಲ್ಲಿ ನಿಂತೆ.

“ಹೂಂ... ನೋಡೋಕೆ ಗಟ್ಟಿಯಾಗೇ ಇದೆ, ಆದ್ರೆ ಒಳಗೆ ಸತ್ವ ಇಲ್ಲ. ಪೂರ್ತಿ ಸವೆದುಹೋಗಿದೆ... ಎಷ್ಟು ದಿನ ಅಂತ ಕಟ್ಕೊಂಡು ಏಗಲಿ? ಹೊಸದೇ ಬೇಕು... ಏನು, ಎರಡನ್ನೂ ಒಟ್ಟಿಗೇ ಬದಲಾಯಿಸ್ಬೇಕಾ? ಒಂದು ಸವೆದಿದ್ರೆ ಇನ್ನೊಂದೂ ಸವೆದಿರುತ್ತೆ ಅಂತೀರಾ? ಸರಿ ಹಾಗಾದ್ರೆ. ಮಂಗಳವಾರ ಮಧ್ಯಾಹ್ನ ಬನ್ನಿ, ಅವರು ಮನೇಲಿರಲ್ಲ. ಅವರಿಗೆ ಮಾತ್ರ ಗೊತ್ತಾಗೋದು ಬೇಡ.”

ಅಲ್ಲೇ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದೆ. ಸವೆದವನು ನಾನು, ಸರಿ. ಹೊಸಬನೊಬ್ಬ ಮಂಗಳವಾರ ಬರುತ್ತಾನೆ, ಅದೂ ಸರಿ. (ಸರಿಯಲ್ಲ, ವಾದಕ್ಕೆ ಒಪ್ಪಿಕೊಂಡೆ.) ಆದರೆ ‘ಎರಡನ್ನೂ’ ಅಂದರೆ? ನನ್ನ ಹೊರತು ಇನ್ನೊಬ್ಬ ಆಗಲೇ ಇದ್ದಾನೆಯೇ? ಅವನೂ ಸವೆದಿದ್ದಾನೆಯೇ? ಆ ಅಪರಿಚಿತನ ಮೇಲೆ ಮೊದಲು ಸಿಟ್ಟು ಬಂತು, ಆಮೇಲೆ ಅಯ್ಯೋ ಪಾಪ ಅನ್ನಿಸಿತು.

ಮಂಗಳವಾರ ರಜೆ ಕೇಳಿದೆ. ಮಳೆಗಾಲ ಬಾಗಿಲಲ್ಲಿ ನಿಂತಿರುವಾಗ ಛತ್ರಿ ಕಾರ್ಖಾನೆಯಲ್ಲಿ ರಜೆ ಕೊಡುವ ಪುಣ್ಯಾತ್ಮ ಯಾರು? ಆ ಚಿಂತೆಯಲ್ಲಿ ಗ್ಯಾರೇಜಿನ ಬಾಗಿಲೆತ್ತುವ ಮನಸ್ಸಾಗದೆ ಬಸ್ಸಿನಲ್ಲೇ ಹೋದೆ. ಸಂಜೆ ಓಡೋಡಿ ಮನೆಗೆ ಬಂದರೆ ಸಿಂಕಿನಲ್ಲಿ ಎರಡು ಟೀ ಕಪ್ಪು. ಒಂದರ ಕಿವಿಯ ಮೇಲೆ ಕಪ್ಪಗೆ ಹೆಬ್ಬೆರಳ ಗುರುತು. ಮನೆಯಿಡೀ ಎಂಥದೋ ಎಣ್ಣೆಯ ವಾಸನೆ. ಅವಳು ಹಾಡು ಗುನುಗುತ್ತಿದ್ದಳು.

“ಯಾರು ಬಂದಿದ್ರು?”

“ಯಾರೂ ಇಲ್ವಲ್ಲ.”

“ಎರಡು ಕಪ್ಪಿದೆ.”

“ಎರಡು ಸಲ ಕುಡಿದೆ.”

ಕಪ್ಪನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ನನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಬುಧವಾರ ಬೆಳಗ್ಗೆ ಆ ಸಿಟ್ಟನ್ನೆಲ್ಲ ಒಟ್ಟುಮಾಡಿ ಗ್ಯಾರೇಜಿನ ಬಾಗಿಲಿಗೆ ಕೈ ಹಾಕಿದೆ. ಏನಾಶ್ಚರ್ಯ! ಬಾಗಿಲು ಗಾಳಿಪಟದಂತೆ ಹಾರಿತು. ಇಳಿಸಿ ಒಂದು ಕೈಯಲ್ಲಿ ಎತ್ತಿದೆ, ಹಾರಿತು. ಎಡಗೈಯಲ್ಲಿ ಎತ್ತಿದೆ, ಹಾರಿತು. ಬಕೆಟ್ಟು ಫಲ ಕೊಟ್ಟಿತ್ತು! ತಲೆಯೆತ್ತಿ ಸ್ಪ್ರಿಂಗನ್ನು ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಗೆದ್ದ ಜಟ್ಟಿ ಅಖಾಡದ ಸೂರು ನೋಡುತ್ತಾನೆಯೇ?

“ನೋಡಿದೆಯೇನೇ?” ಎಂದು ತೋಳು ಮಡಚಿ ತೋರಿಸಿದೆ.

ಅವಳು ಒಮ್ಮೆ ಸೂರಿನ ಕಡೆ, ಒಮ್ಮೆ ನನ್ನ ಮುಖದ ಕಡೆ ನೋಡಿದಳು. “ಅಬ್ಬಾ,” ಎಂದಳು ಮೆಲ್ಲಗೆ.

ಹೊಸಬನ ಚಿಂತೆ ಅರ್ಧ ಕರಗಿತು. ಬರಲಿ, ಈ ತೋಳು ನೋಡಲಿ ಎಂಬ ಧೈರ್ಯ. ಕಾರ್ಖಾನೆಯಲ್ಲಿ ಎಲ್ಲರಿಗೂ ಹೇಳಿದೆ. ಫೋನಿನಲ್ಲಿ ಭಾವನಿಗೂ, ಅಂದರೆ ಅವಳ ಅಣ್ಣನಿಗೂ ಹೇಳಿದೆ. ಅದೇ ಕೇಡಿಗೆ ದಾರಿಯಾಯಿತು.

ಭಾನುವಾರ ಅವರ ಮನೆಗೆ ಊಟಕ್ಕೆ ಹೋದೆವು. ಅವರ ಮನೆಯೂ ಕಡಲ ಹತ್ತಿರವೇ, ಅವರದೂ ಅಂಥದ್ದೇ ಬಾಗಿಲು. “ಮೂರು ದಿನದಿಂದ ಏಳ್ತಾನೇ ಇಲ್ಲ ಭಾವ. ಮೆಕ್ಯಾನಿಕ್ ಈಗ ಬರ್ತಾನೆ,” ಎಂದರು ಭಾವ.

“ಮೆಕ್ಯಾನಿಕ್ಕಾ? ನಾನಿರೋವಾಗ?” ಎಂದು ತೋಳು ಮೇಲೇರಿಸಿದೆ.

“ಬೇಡಾರೀ!” ಎಂದಳು ನನ್ನವಳು. ಅವಳ ದನಿಯಲ್ಲಿ ಗಾಬರಿಯಿತ್ತು. ನಾನು ಅದನ್ನು ಅಭಿಮಾನವೆಂದು ತಿಳಿದೆ.

ಬಗ್ಗಿ, ಉಸಿರು ಕಟ್ಟಿ, ಎತ್ತಿದೆ. ಬಾಗಿಲು ಸೊಂಟದವರೆಗೆ ಬಂತು. ಅಲ್ಲಿ ನಿಂತಿತು. ಇನ್ನು ಮೇಲಕ್ಕೆ ಹೋಗುವುದಿಲ್ಲ. ಕೆಳಕ್ಕೆ ಬಿಟ್ಟರೆ ನನ್ನ ಹತ್ತೂ ಕಾಲ್ಬೆರಳು ಅದರ ಕೆಳಗಿವೆ. ಹಿಂದೆ ಸರಿಯೋಣವೆಂದರೆ ಬೆನ್ನು ಚಟ್ಟೆಂದು ಹಿಡಿದುಕೊಂಡಿತು.

“ಭೇಷ್! ಹಾಗೇ ಹಿಡ್ಕೊಂಡಿರಿ ಭಾವ, ಫೋಟೋ ತೆಗೀತೀನಿ, ಫೋನು ಎಲ್ಲಿಟ್ಟೆ...” ಎಂದು ಭಾವ ಒಳಗೆ ಓಡಿದರು.

ನನ್ನವಳು ಹತ್ತಿರ ಬಂದು ಇನ್ನೊಂದು ತುದಿಗೆ ಕೈ ಹಚ್ಚಿ, ಕಿವಿಯ ಬಳಿ ಹೇಳಿದಳು. “ರೀ, ಬೈಬೇಡಿ. ನಮ್ಮನೇದು ಮಂಗಳವಾರ ಬದಲಾಯಿಸಿದ್ದು.”

“ಏನು?” ಎಂದೆ, ಬಾಗಿಲು ಹಿಡಿದೇ.

“ಸ್ಪ್ರಿಂಗು.”

“ಫೋನಲ್ಲಿ ಸತ್ವ ಇಲ್ಲ ಅಂದದ್ದು?”

“ಸ್ಪ್ರಿಂಗಿಗೆ.”

“ಎರಡೂ ಸವೆದಿದೆ ಅಂದದ್ದು?”

“ಎರಡು ಸ್ಪ್ರಿಂಗು ಇರುತ್ತಲ್ರೀ!”

“ಆ ಟೀ ಕಪ್ಪು?”

“ಕೆಲಸ ಮಾಡ್ದೋನಿಗೆ ಒಂದು ಟೀ ಕೊಡೋದು ಬೇಡ್ವಾ? ಆ ಕಪ್ಪು ಎಲ್ಲಿ ಹೋಯ್ತು ಅಂತ ನಾನೂ ಐದು ದಿನದಿಂದ ಹುಡುಕ್ತಿದೀನಿ.”

ಹೊಸಬನೂ ಇಲ್ಲ, ಇನ್ನೊಬ್ಬನೂ ಇಲ್ಲ. ಎದೆ ಹೂವಿನಷ್ಟು ಹಗುರಾಯಿತು. ಬಾಗಿಲು ಹಗುರಾಗಲಿಲ್ಲ.

“ಬುಧವಾರವೇ ಯಾಕೆ ಹೇಳ್ಲಿಲ್ಲ?”

“ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ಏನನ್ನೋ ಅನುಮಾನ ಇಲ್ಲದೆ ನಂಬಿದ್ರಿ. ಮುಖ ಅಷ್ಟು ಅರಳಿತ್ತು. ಹೇಗೆ ಹೇಳ್ಲಿ?” ಎಂದಳು. ಬಾಗಿಲಿನ ಅರ್ಧ ಭಾರ ಅವಳೇ ಹೊತ್ತಿದ್ದಳು. ಅದನ್ನು ನೋಡಿ ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಗೇಟಿನ ಬಳಿ ಸ್ಕೂಟರು ನಿಂತಿತು. ಬಂದವನು ಚೀಲವನ್ನು ಬಿಸಾಡಿ ಓಡಿ ಬಂದು, ಒಂದು ಮರದ ತುಂಡನ್ನು ಬಾಗಿಲಿಗೆ ಊರುಗೋಲು ಕೊಟ್ಟು ನನ್ನನ್ನು ಹೊರಕ್ಕೆಳೆದ.

“ಯಾರ್ ಸಾರ್ ಇದನ್ನ ಎತ್ತಿದ್ದು? ಒಂದು ಸ್ಪ್ರಿಂಗು ತುಂಡಾಗೇ ಹೋಗಿದೆ. ಕಾಲ ಮೇಲೆ ಬಿದ್ದಿದ್ರೆ ಬೆರಳು ಚಟ್ನಿ!” ಆಮೇಲೆ ನನ್ನವಳನ್ನು ನೋಡಿದ. “ಅಕ್ಕಾ, ನೀವಿಲ್ಲಿ? ಹಾಗಾದ್ರೆ... ಇವರೇನಾ ನಿಮ್ಮ ಯಜಮಾನ್ರು?”

ಅವಳು ತಲೆಯಾಡಿಸಿದಳು. ಅವನು ಚೀಲ ಹೆಗಲಿಗೇರಿಸಿದ.

“ಸ್ವಲ್ಪ ನಿಲ್ಲಪ್ಪ!” ಎಂದು ಫೋನು ಹಿಡಿದು ಬಂದ ಭಾವ ಅವನ ಕೈ ಹಿಡಿದರು.

“ಇವರು ನಿಂತು ನೋಡೋದಾದ್ರೆ ನನ್ನ ಕೈಲಿ ಕೆಲಸ ಆಗಲ್ಲ ಸಾರ್. ತಪ್ಪು ತಿಳ್ಕೋಬೇಡಿ. ಒಳಗಿದ್ರೆ ಮಾಡ್ತೀನಿ.”

ಅಣ್ಣ ತಂಗಿ ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ಮುಂದಿನ ಕ್ಷಣ ನಾನು ಅವರಿಬ್ಬರ ತೋಳಿನ ಮೇಲೆ, ಬಗ್ಗಿದ ಬೆನ್ನು ಬಗ್ಗಿದಂತೆಯೇ, ಮನೆಯ ಹಿಂಬದಿಯ ಕೋಣೆ ಸೇರಿದ್ದೆ. ಅಲ್ಲಿ ಕನ್ನಡಕ ಹಾಕಿಕೊಂಡು ಬಟಾಣಿ ಬಿಡಿಸುತ್ತ ಕೂತಿದ್ದವರು ನನ್ನ ಅತ್ತೆ.

“ಅಮ್ಮಾ, ಅರ್ಧ ಗಂಟೆ ಇವರು ಆಚೆ ಬರದ ಹಾಗೆ ನೋಡ್ಕೋ,” ಎಂದು ಹೇಳಿ ಮಗಳು ಬಾಗಿಲೆಳೆದುಕೊಂಡು ಹೋದಳು. ಅತ್ತೆ ಕುರ್ಚಿಯನ್ನು ಬಾಗಿಲಿಗೆ ಅಡ್ಡ ಸರಿಸಿಕೊಂಡರು.

“ಅತ್ತೆ, ಒಂಚೂರು ನೀರು...”

“ಹೂಜಿ ಅಲ್ಲೇ ಇದೆ ಅಳಿಯಂದಿರೇ.”

“ಗಾಳಿ ಬರ್ತಿಲ್ಲ, ಕಿಟಕಿ ಹತ್ರ ಹೋಗ್ಲಾ?”

“ಫ್ಯಾನು ಹಾಕ್ತೀನಿ, ಕೂತ್ಕೊಳ್ಳಿ.”

ಹೊರಗೆ ಸುತ್ತಿಗೆಯ ಸದ್ದು. ನನಗೆ ನಾಚಿಕೆಯಾಗಿದ್ದು ನಿಜ, ಬುದ್ಧಿ ಬಂದದ್ದೂ ನಿಜ. ಆದರೆ ಒಂದು ಸ್ಪ್ರಿಂಗು ಸಿಕ್ಕಿಸಲು ಇಷ್ಟು ಏಟು ಯಾಕೆ? ಜೇಬಿನಲ್ಲಿದ್ದ ಮಂಗಳವಾರದ ಬಸ್ ಟಿಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಅದರ ಹಿಂದೆ ಮೆಲ್ಲಗೆ ಬರೆದುಕೊಂಡೆ: ‘ಏಟು ಹದಿನೇಳು. ಹಳೆಯ ಸ್ಪ್ರಿಂಗು ಎರಡೂ ವಾಪಸು ಕೇಳುವುದು.’

“ಏನದು?” ಎಂದರು ಅತ್ತೆ, ಬಟಾಣಿಯಿಂದ ಕಣ್ಣೆತ್ತದೆ.

“ಏನಿಲ್ಲ ಅತ್ತೆ, ಆಫೀಸಿನ ಕೆಲಸ.”

“ಇಲ್ಲಿ ಕೊಡಿ.”

ಕೊಟ್ಟೆ. ಎರಡೂ ಸಾಲು ಓದಿದರು. ಮಡಚಿ ಕನ್ನಡಕದ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ಆಮೇಲೆ ಮತ್ತೆ ಕೈ ಚಾಚಿದರು.

“ಪೆನ್ನೂ.”