ಬಂಡಿ ಆಫ್ ಮಾಡದ ಭಾವ

ನಮ್ಮ ಭಾವ ಎಷ್ಟೋ ವರ್ಷಗಳಿಂದ ಯಾರ ಮನೆಗೂ ಹೋಗಿಲ್ಲ. ಹಾಗೆಂದು ಬ್ರಹ್ಮಾವರದಿಂದ ಬೈಂದೂರಿನವರೆಗೆ ಅವರು ಬಾರದ ಮನೆಯೂ ಇಲ್ಲ! ಇದೇನು ಒಗಟು ಎಂದು ಹುಬ್ಬು ಗಂಟಿಕ್ಕಬೇಡಿ. ಭಾವ ಬರುವುದು ಗೇಟಿನವರೆಗೆ. ಬೈಕಿನ ಮೇಲೆ ಬರುತ್ತಾರೆ, ಬೈಕಿನ ಮೇಲೆಯೇ ಇರುತ್ತಾರೆ, ಬೈಕಿನ ಮೇಲೆಯೇ ಹೋಗುತ್ತಾರೆ. ಎಂಜಿನ್ ಆಫ್ ಮಾಡುವುದಿಲ್ಲ. ಎಡಗಾಲು ನೆಲದ ಮೇಲೆ, ಬಲಗಾಲು ಬ್ರೇಕಿನ ಮೇಲೆ, ಹೆಲ್ಮೆಟ್ ತಲೆಯ ಮೇಲೆ, ಬಾಯಲ್ಲಿ ಮಾತ್ರ "ನಾ ಹೊರ್ಟೆ, ಹೊರ್ಟೆ" ಎಂಬ ಮಂತ್ರ. ಹೊರಟೆ ಎಂದ ಮೇಲೂ ಅರ್ಧ ಗಂಟೆ ಮಾತಾಡುವುದು ನಮ್ಮ ಕಡೆಯ ಹಳೆಯ ಸಂಪ್ರದಾಯವೇ. ಆದರೆ ಅದನ್ನು ಪೆಟ್ರೋಲು ಸುಡುತ್ತ ಆಚರಿಸುವವರು ಭಾವ ಒಬ್ಬರೇ.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಕ್ಕ ತೀರಿಕೊಂಡು ಬಹಳ ಕಾಲವಾಯಿತು. ಮಕ್ಕಳಿಲ್ಲ, ತಂದೆತಾಯಿಯೂ ಇಲ್ಲ. ಬ್ರಹ್ಮಾವರದಲ್ಲಿ ಒಬ್ಬರೇ ಇದ್ದುಕೊಂಡು ತೆಂಗಿನಕಾಯಿಯ ವ್ಯಾಪಾರ ಮಾಡುತ್ತಾರೆ. ಈ ವ್ಯಾಪಾರ ಅವರ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು. ಬೈಕಿನಿಂದ ಇಳಿಯದೆ, ಹೆಲ್ಮೆಟ್ಟಿನ ಗಾಜು ಮೇಲಕ್ಕೆತ್ತಿ, ಮರದ ತುದಿ ನೋಡಿದರೆ ಸಾಕು. ಕಾಯಿ ಎಂದಾದರೂ ಮರದ ಬುಡದಲ್ಲಿ ಹಿಡಿದದ್ದುಂಟೇ?

ಸಾಲಿಗ್ರಾಮದಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆಯಾಯಿತು. ಮುಹೂರ್ತಕ್ಕೆ ಸರಿಯಾಗಿ ಭಾವ ಬಂದರು. ಎಲ್ಲಿಗೆ? ತರಕಾರಿ ಟೆಂಪೋ ನಿಲ್ಲುವ ಪಕ್ಕದ ಬಾಗಿಲಿಗೆ. ಗಟ್ಟಿಮೇಳ ಎಂದದ್ದೇ ತಡ, ಕುಳಿತಲ್ಲಿಂದಲೇ ಅಕ್ಷತೆ ಬೀಸಿ ಎಸೆದರು. ಅದು ವಧೂವರರಿಗೆ ತಲುಪದೆ ಡೋಲು ಬಾರಿಸುವವನ ತಲೆಯ ಮೇಲೆ ಬಿತ್ತು. ನಂಬಿದರೆ ನಂಬಿ, ಮೂವತ್ತೆಂಟು ದಾಟಿದ್ದ ಆ ಡೋಲಿನವನಿಗೆ ಮರುವರ್ಷವೇ ಕಂಕಣ ಕೂಡಿಬಂತು! ಇನ್ನೊಬ್ಬರ ಗೃಹಪ್ರವೇಶದಲ್ಲಿ ಯಜಮಾನರು ಬೈಕಿನ ಹ್ಯಾಂಡಲ್ ಹಿಡಿದು ಅಂಗಲಾಚಿದರು. "ಹ್ವಾಯ್, ಒಂದ್ಗಳ್ಗಿ ಒಳ್ಗ್ ಬನಿ. ಹೊಸ ಮನಿ ಕಾಂಬ್ಕಲ್ದಾ?" ಭಾವ ಸೂರಿನಿಂದ ಅಡಿಪಾಯದವರೆಗೆ ಗಂಭೀರವಾಗಿ ಕಣ್ಣು ಹಾಯಿಸಿ, "ಕಂಡಾಯ್ತಲೆ ಮಾರಾಯ್ರೆ. ಒಳ್ಗಿಂದ ಕಂಡ್ರೂ ಇದೇ ಮನಿ ಅಲ್ದಾ?" ಎಂದರು. ತರ್ಕ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ.

ನಮ್ಮ ಮನೆ ಸಾಲಿಗ್ರಾಮದಿಂದ ಸ್ವಲ್ಪ ಮುಂದೆ, ಹೆದ್ದಾರಿಯಿಂದ ಒಳಗೆ. ಅಲ್ಲೂ ಇದೇ ಕ್ರಮ. ಮಗಳನ್ನು ಕೊಟ್ಟ ಅತ್ತೆ ಎಂಬ ಗೌರವಕ್ಕೆ ನನ್ನ ಅಮ್ಮನ ಎದುರು ಭಾವ ಕೊಡುತ್ತಿದ್ದ ರಿಯಾಯಿತಿ ಇಷ್ಟೇ: ಹೆಲ್ಮೆಟ್ಟಿನ ಪಟ್ಟಿಯನ್ನು ಸಡಿಲಿಸುತ್ತಿದ್ದರು. ಮೊದಮೊದಲು ಅಮ್ಮ ಕರೆದು ಕರೆದು ಸೋತರು. ಆಮೇಲೆ ಗೇಟಿನ ಬಳಿ ಒಂದು ಸ್ಟೂಲು ಹಾಕಿಸಿಕೊಂಡು ತಾವೇ ಅಲ್ಲಿ ಕೂರತೊಡಗಿದರು. ಅಳಿಯ ಬೈಕಿನ ಮೇಲೆ, ಅತ್ತೆ ಸ್ಟೂಲಿನ ಮೇಲೆ, ನಡುವೆ ಗೇಟು, ಗೇಟಿನ ಕಂಬದ ಮೇಲೆ ಚಾ ಲೋಟ. ದಾರಿಯಲ್ಲಿ ಹೋಗುವವರಿಗೆ ಇದು ಎರಡು ದೇಶಗಳ ಗಡಿ ಮಾತುಕತೆಯಂತೆ ಕಾಣುತ್ತಿತ್ತು.

ಇನ್ನು ಆ ಬೈಕು. ಪಕ್ಕದ ಮನೆಯ ಹುಡುಗ ಮಸ್ಕತ್ತಿಗೆ ಹೋಗುವಾಗ ಭಾವನಿಗೆ ದಾಟಿಸಿ ಹೋದ ಸರಕು ಅದು. ಮುಂದಿನಿಂದ ನೋಡಿದರೆ ಸಿಟ್ಟು ಬಂದ ಮಿಡತೆ. ಹಿಂದಿನ ಸೀಟು ಅಟ್ಟದಷ್ಟು ಎತ್ತರ. ಅಂಥ ಬೈಕಿನ ಮೇಲೆ ಪಂಚೆ ಎತ್ತಿಕಟ್ಟಿದ ಭಾವ! ಆದರೆ ಅವರಿಗೆ ಅದರ ಬಗ್ಗೆ ಅಪಾರ ಹೆಮ್ಮೆ. "ಇದ್ರ್ ಎಂಜಿನ್ನಿಗೆ ನೀರಿನ್ ವ್ಯವಸ್ಥೆ ಇತ್, ನೀರ್ ತಣಿಸುಕೆ ಫ್ಯಾನ್ ಇತ್. ನಮ್ ಮನಿ ಒಳ್ಗ್ ಎರ್ಡೂ ಸಮ ಇಲ್ಲೆ ಮಾಣಿ," ಎನ್ನುತ್ತಿದ್ದರು. ಐವತ್ತು ದಾಟಿದ ನಾನು ಅವರ ಬಾಯಲ್ಲಿ ಇನ್ನೂ ಮಾಣಿಯೇ, ಹುಡುಗನೇ.

ಈ ಬೇಸಿಗೆಯಲ್ಲಿ ಅನಾಹುತವಾಯಿತು. ಒಂದು ಮಧ್ಯಾಹ್ನ ಭಾವ ನಮ್ಮ ಗೇಟಿನಲ್ಲಿ "ಹೊರ್ಟೆ" ಎಂದು ಹೇಳಿ ಮಾತಿನ ಮಧ್ಯಭಾಗಕ್ಕೆ ಬಂದಿದ್ದರು. ಮೀಟರಿನಲ್ಲಿ ಕೆಂಪು ದೀಪ ಹತ್ತಿತು. ಬೈಕಿನ ಹೊಟ್ಟೆಯಿಂದ ಬುಸ್ಸೆಂದು ಆವಿ ಎದ್ದಿತು. ಅಮ್ಮ ಎದ್ದು, "ಅಯ್ಯೋ, ಹಾಲ್ ಉಕ್ಕಿತ್!" ಎಂದು ಅಡಿಗೆ ಮನೆಗೆ ಓಡಿದರು. ಭಾವ ಗಾಬರಿಯಲ್ಲಿ ಎಂಜಿನ್ ಆಫ್ ಮಾಡಿದರು. ಆ ಕ್ಷಣ ಆವರಿಸಿದ ಮೌನದಲ್ಲಿ ನಮಗೆಲ್ಲ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಭಾವನ ಜೊತೆ ನಾವು ಸಾಮಾನ್ಯ ದನಿಯಲ್ಲಿ ಮಾತಾಡಿ ಅಭ್ಯಾಸವೇ ಇರಲಿಲ್ಲವಲ್ಲ!

ಚಿಕಿತ್ಸೆಗಳು ಶುರುವಾದವು. ಭಾವನ ಪ್ರಕಾರ ಬೈಕಿನದು ಉಷ್ಣ ಪ್ರಕೃತಿ. ಕಾಯಿ ಕೀಳುವವನ ಪ್ರಕಾರ ದೃಷ್ಟಿ. ಅವನೇ ನಿಂಬೆಹಣ್ಣು ಮೆಣಸು ಕಟ್ಟಿಕೊಟ್ಟ. ನನ್ನ ಪ್ರಕಾರ ಕಲಬೆರಕೆ ಪೆಟ್ರೋಲು. ನನಗೆ ಏನೂ ತಿಳಿಯದ ವಿಷಯಗಳಲ್ಲೆಲ್ಲ ನಾನು ಕಲಬೆರಕೆಯನ್ನೇ ದೂರುವುದು. ಅಮ್ಮ ಮಾತ್ರ ಯಾವ ಸಿದ್ಧಾಂತವನ್ನೂ ಮಂಡಿಸದೆ ಅಡಿಕೆ ಹಾಳೆಯ ಬೀಸಣಿಗೆ ತಂದು, ಸ್ಟೂಲನ್ನು ಗೇಟಿನಾಚೆಗೆ ಹಾಕಿಕೊಂಡು, ಜ್ವರ ಬಂದ ಮಗುವಿಗೆ ಬೀಸುವಂತೆ ಎಂಜಿನ್ನಿಗೆ ಗಾಳಿ ಬೀಸಿದರು. ಹೊತ್ತು ಕಳೆದು ಅದು ತಣಿಯಿತು. ನಾಲ್ವರಲ್ಲಿ ರೋಗವನ್ನು ಸರಿಯಾಗಿ ಹಿಡಿದವರು ಅಮ್ಮನೇ. ಆದರೆ ಅದು ಅಮ್ಮನಿಗೂ ಗೊತ್ತಾಗಲಿಲ್ಲ, ನಮಗೂ ಗೊತ್ತಾಗಲಿಲ್ಲ.

ರೋಗ ಮರುಕಳಿಸುತ್ತಲೇ ಹೋದಾಗ ಕುಂದಾಪುರದ ಒಬ್ಬ ಮೆಕ್ಯಾನಿಕ್ಕಿನ ಬಳಿ ಹೋಗುವುದೆಂದು ತೀರ್ಮಾನವಾಯಿತು. ಸಾಕ್ಷಿಗೆಂದು ನಾನೂ ಹಿಂದಿನ ಅಟ್ಟ ಹತ್ತಿ ಕುಳಿತೆ. ದಾರಿಯುದ್ದಕ್ಕೂ ಬೈಕಿಗೆ ಏನೂ ಆಗಲಿಲ್ಲ. ಡಾಕ್ಟರ ಮನೆಯ ಮೆಟ್ಟಿಲು ಹತ್ತುವಾಗ ಮಕ್ಕಳ ಜ್ವರ ಇಳಿಯುವುದಿಲ್ಲವೇ, ಹಾಗೆ. ಮೆಕ್ಯಾನಿಕ್ ಮುಟ್ಟಿ ನೋಡಿ, "ಎಂತ ಇಲ್ಲೆ ಇದ್ಕೆ," ಎಂದ. ಭಾವನಿಗೆ ಅವಮಾನವಾಯಿತು. "ಎಂತ ಇಲ್ಲೆ ಅಂದ್ರೆ? ನಾ ಸುಳ್ಳ್ ಹೇಳುದಾ?"

"ಹಾಂಗಾರೆ ತ್ರಾಸಿ ವರೆಗೆ ಹೋಯಿ ಬನಿ, ಎಲ್ಲೂ ನಿಲ್ಸುಕಾಗ," ಎಂದು ಅವನು ಅಟ್ಟಿದ. ಹೋದೆವು, ಬಂದೆವು. ಕಡಲ ಗಾಳಿಗೆ ನನ್ನ ಕಿವಿ ತಣ್ಣಗಾಯಿತು, ಎಂಜಿನ್ನೂ ತಣ್ಣಗಿತ್ತು.

"ಇನ್ ಬಂಡಿ ಸ್ಟಾರ್ಟಂಗೇ ಇರ್ಲಿ. ನಾವ್ ಚಾ ಕುಡಿವ," ಎಂದ ಮೆಕ್ಯಾನಿಕ್.

ಪರೀಕ್ಷಾ ವಿಧಾನ ಇದೇ ಎಂದು ನಮಗೆ ಆಗ ತಿಳಿಯಲಿಲ್ಲ. ಚಾ ಮುಗಿಯುವಷ್ಟರಲ್ಲಿ ಕೆಂಪು ದೀಪ ಹತ್ತಿತು. ಭಾವನ ಮುಖದಲ್ಲಿ ಗೆದ್ದ ಕಳೆ! "ಕಾಣಿ! ನಾ ಹೇಳ್ದೆ ಅಲ್ದಾ?" ಬಂಡಿ ಕೆಟ್ಟದ್ದಕ್ಕೆ ಇಷ್ಟು ಖುಷಿಪಟ್ಟ ಮಾಲೀಕನನ್ನು ಆ ಗ್ಯಾರೇಜು ಕಂಡಿರಲಾರದು. ಮೆಕ್ಯಾನಿಕ್ ಬಗ್ಗಿ ಕಿವಿಯಿಟ್ಟ. ಅಷ್ಟು ಬಿಸಿಯಾದ ಮೇಲೆ ತಾನಾಗಿ ತಿರುಗಬೇಕಿದ್ದ ಫ್ಯಾನು ತೆಪ್ಪಗಿತ್ತು. ಎಂಜಿನ್ ಆಫ್ ಮಾಡಿ, ಬ್ಯಾಟರಿಯಿಂದ ಫ್ಯಾನಿಗೆ ನೇರ ವಯರು ಕೊಟ್ಟ. ಫ್ಯಾನು ಒಮ್ಮೆ ಗುರ್ ಎಂದು ನರಳಿ ಸುಮ್ಮನಾಯಿತು.

"ಇದ್ ಹೋಯ್ತ್," ಎಂದು ಅವನು ವೈದ್ಯರು ಹೊರಗೆ ಬಂದು ಹೇಳುವ ದನಿಯಲ್ಲಿ ಘೋಷಿಸಿದ. "ಓಡುವಾಗ ಗಾಳಿಯೇ ಫ್ಯಾನ್. ನಿಂತಾಗ ಫ್ಯಾನೇ ಗಾಳಿ. ಹಾಂಗಾಯಿ ಇದ್ಕೆ ನಿಂತ್ರೆ ಮಾತ್ರ ಜ್ವರ. ಉಪ್ಪಿನ್ ಗಾಳಿಗೆ ತುಕ್ಕೂ ಹಿಡ್ದಿತ್. ಆದ್ರೆ ಇದ್ ಸತ್ತದ್ ತುಕ್ಕಿಂದಲ್ಲ, ದುಡ್ದ್ ದುಡ್ದ್. ಇಷ್ಟ್ ಹೊತ್ತ್ ಎಲ್ಲಿ ನಿಲ್ಸ್ಕಂಡ್ ಇರ್ತ್ರಿ ನೀವ್?"

"ಎಲ್ಲೂ ಇಲ್ಲೆ," ಎಂದರು ಭಾವ.

"ಬಿಸಿ ಆದ್ದ್ ಎಲ್ಲೆಲ್ಲಿ?"

"ಒಂದ್ಸಲ ಅತ್ತೆ ಮನಿ ಗೇಟಂಗೆ."

"ಮತ್ತೆ?"

"ಬೈಂದೂರ್."

"ಮತ್ತೆ?"

"ಬೈಂದೂರ್."

"ಅದಾಯ್ತ್. ಮತ್ತೆ?"

ಭಾವ ಗ್ಯಾರೇಜಿನ ಗೋಡೆಯಲ್ಲಿದ್ದ ಟೈರುಗಳನ್ನು ಒಂದೊಂದಾಗಿ ನೋಡಿ ಮುಗಿಸಿ, "ಬೈಂದೂರೇ," ಎಂದರು.

"ಬೈಂದೂರಂಗೆ ಎಂತ ಕೆಲ್ಸ?"

"ಕೊಬ್ರಿ ವ್ಯಾಪಾರ. ಒಂದ್ ಎಣ್ಣಿ ಮಿಲ್ಲಿಗೆ."

"ಕೊಬ್ರಿ ಮಾತಾಡುಕೆ ಫ್ಯಾನ್ ಸಾಯುವಷ್ಟ್ ಹೊತ್ತ್ ಬೇಕಾ?"

ಬೈಕಿನ ಮೀಟರಿನಲ್ಲಿ ಆರಿದ್ದ ಕೆಂಪು ದೀಪ ಈಗ ಭಾವನ ಕಿವಿಯಲ್ಲಿ ಹತ್ತಿಕೊಂಡಿತ್ತು. ನಾನು ನಗು ನುಂಗಿ ಕೆಮ್ಮಿದೆ.

ಹೊಸ ಫ್ಯಾನು ದೂರದಿಂದ ಬರಬೇಕಿತ್ತು. (ಮುಂದೆ ಅದು ಬಂತು, ಹಾಕಿಸಿದ್ದೂ ಆಯಿತು. ಆ ವಿಷಯ ಅಲ್ಲಿಗೇ ಬಿಡೋಣ.) ಅಲ್ಲಿಯವರೆಗೆ ಮೆಕ್ಯಾನಿಕ್ಕಿನ ಕಟ್ಟಪ್ಪಣೆ: ನಿಂತ ಕೂಡಲೇ ಎಂಜಿನ್ ಆಫ್. ನಮಗೆ ಇದು ಸಾಮಾನ್ಯ ಸಲಹೆ. ಭಾವನಿಗೆ? ಮೀನಿಗೆ "ಇನ್ನು ಸ್ವಲ್ಪ ದಿನ ನೀರು ಮುಟ್ಟಬೇಡ" ಎಂದ ಹಾಗೆ!

ಅವರು ಕಂಡುಕೊಂಡ ಉಪಾಯವೆಂದರೆ ನಿಲ್ಲಿಸದೇ ಇರುವುದು. ನಮ್ಮ ಗೇಟಿನ ಮುಂದೆ ನಿಧಾನವಾಗಿ ಹಾದು ಹೋಗುತ್ತ, "ಅತ್ತೇ, ಕಾಯಿ ರೇಟ್..." ಎಂದು ಕೂಗಿ, ತಿರುವಿನಲ್ಲಿ ಮರೆಯಾಗಿ, ಮತ್ತೆ ಬರುವಾಗ "...ಇಳ್ದಿತ್!" ಎಂದು ವಾಕ್ಯ ಪೂರ್ತಿ ಮಾಡುತ್ತಿದ್ದರು. ಅಮ್ಮನ ಉತ್ತರ ಮೂರನೆಯ ಸುತ್ತಿಗೆ. "ಬಸ್ಸಾರೂ ಕೈ ಹಿಡ್ದ್ರೆ ನಿಲ್ತ್. ಈ ಮನ್ಷ ನಿಲ್ಲ," ಎಂದು ಅಮ್ಮ ಗೊಣಗಿದರು.

ಒಂದು ಬೆಳಿಗ್ಗೆ ಭಾವ ಹಾಗೆ ಐದಾರು ಸುತ್ತು ಹೊಡೆದರು. ಬಾಯಲ್ಲಿ ಮಾತಿಲ್ಲ. ಕೊನೆಗೆ ಗೇಟಿನ ಮುಂದೆ ನಿಂತರು. ಕೀ ತಿರುಗಿಸಿದರು. ಇಳಿದರು. ಗೇಟು ತೆರೆದು ಅಂಗಳ ದಾಟಿ ಚಾವಡಿಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತರು. ಅಕ್ಕ ಹೋದ ಮೇಲೆ ಇದೇ ಮೊದಲು. ಅಮ್ಮ ನನ್ನ ಮುಖ ನೋಡಿದರು, ನಾನು ಅಮ್ಮನ ಮುಖ ನೋಡಿದೆ.

"ಹೆಲ್ಮೆಟ್ ತೆಗಿನಿ," ಎಂದರು ಅಮ್ಮ. "ಇಲ್ಲ್ ಪೊಲೀಸ್ ಇಲ್ಲೆ."

ಭಾವ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಗೋಡೆಯ ಮೇಲೆ ಅಕ್ಕನ ಫೋಟೋ ಇತ್ತು. ಅದರ ಕಡೆಗೆ ನೋಡದಿರಲು ಅವರು ಪಟ್ಟ ಕಷ್ಟ ಕಣ್ಣಿಗೆ ಕಾಣುತ್ತಿತ್ತು.

"ಅತ್ತೆ, ಬೈಂದೂರಂಗೆ ಒಂದ್ ಎಣ್ಣಿ ಮಿಲ್ ಇತ್."

"ಇಪ್ಪುದೇ. ಎಲ್ಲಾ ಊರಂಗೂ ಇತ್."

"ಅದ್ನ್ ನಡ್ಸುವರ್ ಒಬ್ರ್ ಇದ್ರ್. ಮದ್ವಿ ಆಯಿಲ್ಲೆ. ಅಪ್ಪ ತೀರ್ದ್ ಮೇಲೆ ಅವ್ರೇ ನಡ್ಸುದ್."

ಅಮ್ಮ ಅವರ ಎದುರಿನ ಕುರ್ಚಿಗೆ ಬಂದು ಕುಳಿತರು.

"ನಾ ಯಾವತ್ತೂ ಗೇಟಂಗೇ ನಿಂತ್ ಮಾತಾಡುದ್. ಮೊನ್ನೆ ಅವ್ರ್ ಹೇಳ್ರ್, 'ನಿಮ್ ಬಂಡಿ ಸದ್ದಂಗೆ ನಿಮ್ ಅರ್ಧ ಮಾತ್ ಕೇಣುದಿಲ್ಲೆ. ಆಫ್ ಮಾಡಿ ಒಳ್ಗ್ ಬಪ್ಪುದಾರೆ ಬನಿ. ಇಲ್ದಿರೆ ಇನ್ ಬಪ್ಪುದ್ ಬ್ಯಾಡ.'" ಭಾವ ಹೆಲ್ಮೆಟ್ಟನ್ನು ಒಂದು ಸುತ್ತು ತಿರುಗಿಸಿದರು. "ಇಷ್ಟ್ ವರ್ಷ ನಾ ಎಲ್ಲಿಯೂ ಇಳಿಯಲಿಲ್ಲೆ ಅತ್ತೆ. ಇಳ್ದ್ರೆ ಕೂರ್ಸ್ತ್ರ್. ಕೂರ್ಸ್ರೆ, 'ಹ್ಯಾಂಗಿದ್ರಿ?' ಅಂದ್ ಕೇಂತ್ರ್. ಅದ್ಕೆ ಎಂತ ಹೇಳುದ್ ಅಂದ್ ನಂಗ್ ಗೊತ್ತಿಲ್ಲೆ. ಬಂಡಿ ಸದ್ದ್ ಇದ್ರೆ ಯಾರೂ ಕೇಣುದಿಲ್ಲೆ. ಈಗ ಆ ಮನಿ ಒಳ್ಗ್ ಹೋಪುದಾ, ಬ್ಯಾಡ್ದಾ? ನೀವ್ ಹೇಳ್ಕ್. ನೀವ್ ಬ್ಯಾಡ ಅಂದ್ರೆ ನಾ ಆ ದಾರಿಗೇ ಹೋಪುದಿಲ್ಲೆ."

ಇಂಥ ಹೊತ್ತಿನಲ್ಲಿ ಒಂದು ತಮಾಷೆ ಹೇಳಿ ಗಾಳಿ ತಿಳಿಮಾಡುವುದು ನನ್ನ ಕೆಲಸ. ಅಂದು ಆ ಕೆಲಸಕ್ಕೆ ರಜೆ ಹಾಕಿದೆ. ಅಮ್ಮ ಅಕ್ಕನ ಫೋಟೋದ ಕಡೆ ಬಹಳ ಹೊತ್ತು ನೋಡಿದರು. ಆಮೇಲೆ ಗದರಿಸುವ ದನಿಯಲ್ಲಿ ಕೇಳಿದರು:

"ಒಬ್ರೇ ಹೋಪುದಾ? ಹೆಣ್ಣ್ ಕೇಂಬುಕೆ ಗಂಡ್ ಒಬ್ನೇ ಹೋಪುದ್ ಯಾವ ಊರ್ ಕ್ರಮ? ಗಂಡಿನ್ ಬದಿಯರ್ ಬ್ಯಾಡ್ದಾ?"

"ನಂಗ್ ಬದಿಯರ್ ಯಾರ್ ಇದ್ರ್ ಅತ್ತೆ?"

ಅಮ್ಮ ಸೀರೆ ಬದಲಿಸಲು ಒಳಗೆ ಹೋದರು.

ಮೂವರೂ ಬಸ್ಸಿನಲ್ಲಿ ಹೋದೆವು. ಬೈಕು ನಮ್ಮ ಅಂಗಳದಲ್ಲೇ ಉಳಿಯಿತು. ಕಿಟಕಿಯ ಬದಿ ಕುಳಿತ ಭಾವನ ಬಲಗೈ ದಾರಿಯುದ್ದಕ್ಕೂ ಇಲ್ಲದ ಎಕ್ಸಿಲರೇಟರನ್ನು ತಿರುಚುತ್ತಿತ್ತು. ಡ್ರೈವರನಿಗಿಂತ ಹೆಚ್ಚು ದಣಿದು ಇಳಿದವರು ಅವರೇ.

ಮಿಲ್ಲಿನ ಹಿಂದೆಯೇ ಮನೆ. ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸುತ್ತ ಒಬ್ಬ ಹೆಂಗಸು ಹೊರಗೆ ಬಂದರು. ಐವತ್ತರ ಆಸುಪಾಸು, ನೇರ ನೋಟ. ಭಾವನನ್ನು ಕಂಡು ಮೊದಲು ಅವರ ಹಿಂದೆ ರಸ್ತೆಯ ಕಡೆ ನೋಡಿದರು. "ಬಂಡಿ ಎಲ್ಲಿ?"

"ತರ್ಲಿಲ್ಲೆ," ಎಂದರು ಭಾವ, ಗೇಟಿನಲ್ಲೇ ನಿಂತು.

ಆಕೆ ಅಮ್ಮನ ಕಡೆ ತಿರುಗಿದರು. ಬಿಳಿ ಕೂದಲು, ಪೆಟ್ಟಿಗೆಯಿಂದ ತೆಗೆದ ಮಡಿಕೆಯ ಸೀರೆ, ಏದುಸಿರು. "ನೀವ್ ಇವ್ರಿಗೆ ಎಂತ ಆಯ್ಕ್?" ಎಂದು ಮೆಲ್ಲಗೆ ಕೇಳಿದರು.

ಸತ್ತ ಹೆಂಡತಿಯ ತಾಯಿ ಎಂದು ಹೇಗೆ ಹೇಳುವುದು? ಹೇಳದೆ ಹೇಗಿರುವುದು? ಅಮ್ಮ ಗೇಟಿನ ಕಂಬಕ್ಕೆ ಕೈ ಕೊಟ್ಟು ಉಸಿರು ತೆಗೆದುಕೊಂಡರು. ಮತ್ತೆ ಆ ಕೈಯನ್ನು ತೆಗೆದು ಭಾವನ ಬೆನ್ನ ಮೇಲಿಟ್ಟರು.

"ನಾ ಇವ್ನ ಅಬ್ಬಿ," ಎಂದರು. "ಇವ ನನ್ನ ಮಗ."

ಭಾವ ತಲೆ ತಗ್ಗಿಸಿದರು. ಹೆಲ್ಮೆಟ್ ಇರಲಿಲ್ಲವಾದ್ದರಿಂದ ಮುಖ ಮುಚ್ಚಿಕೊಳ್ಳಲು ಅವರಿಗೆ ಏನೂ ಇರಲಿಲ್ಲ. ಆಕೆ ಒಂದು ಗಳಿಗೆ ಇಬ್ಬರನ್ನೂ ನೋಡಿದರು. ಬಂದು ಗೇಟಿನ ಎರಡೂ ಬಾಗಿಲುಗಳನ್ನು ತೆರೆದರು.

"ಬಿಸ್ಲಂಗೆ ಎಂತಕೆ ನಿಂತ್ಕಂಡದ್?" ಎಂದರು. "ಒಳ್ಗ್ ಬನಿ, ಅತ್ತೆ."